‘ವಾರ್ಡ್’ ಹಡಗಿನ ಎರಡು ಡಿಸೆಂಬರ್ ಏಳುಗಳು: ಒಂದು ಡೆಸ್ಟ್ರಾಯರ್‌ನ ಯುದ್ಧಸೇವೆಯ ಬಗ್ಗೆ ಅಧ್ಯಯನ ಟಿಪ್ಪಣಿ

ಪರ್ಲ್ ಹಾರ್ಬರ್ ಎಂದೊಡನೆ ನಮ್ಮ ಪುಸ್ತಕಗಳಲ್ಲಿ ಬರುವ ಗಳಿಗೆ 1941ರ ಡಿಸೆಂಬರ್ 7ರ ಬೆಳಿಗ್ಗೆ 7:55. ಹವಾಯಿಯ ಆ ಅಮೆರಿಕನ್ ನೌಕಾನೆಲೆಯ ಮೇಲೆ ಜಪಾನಿನ ವಿಮಾನಗಳ ಬಾಂಬುಗಳು ಬೀಳತೊಡಗಿದ ಹೊತ್ತು ಅದು. ಆದರೆ ಅದಕ್ಕೂ ಒಂದು ಗಂಟೆ ಮೊದಲೇ, ಅದೇ ಬಂದರಿನ ಬಾಯಿಯ ಹೊರಗೆ, ಒಂದು ಹಳೆಯ ಅಮೆರಿಕನ್ ಹಡಗು ಜಪಾನಿನ ಜಲಾಂತರ್ಗಾಮಿಯೊಂದನ್ನು ಕಂಡು, ಗುಂಡು ಹಾರಿಸಿ, ಮುಳುಗಿಸಿ, ಅದನ್ನು ರೇಡಿಯೊ ಮೂಲಕ ಮೇಲಿನವರಿಗೆ ತಿಳಿಸಿಯೂ ಆಗಿತ್ತು. ಆ ಹಡಗು ‘ಯುಎಸ್‌ಎಸ್ ವಾರ್ಡ್’. ಪರೀಕ್ಷೆಯ ದೃಷ್ಟಿಯಿಂದ ಇದು ಒಂದು ಸಾಲಿನ ಸಂಗತಿ. ನನಗೆ ಮಾತ್ರ ಪರ್ಲ್ ಹಾರ್ಬರ್‌ನ ಇಡೀ ಪಾಠವನ್ನು ಬಿಡಿಸುವ ಎಳೆ ಇಲ್ಲೇ ಸಿಕ್ಕಿತು. ಹಾಗಾಗಿ ಈ ಒಂದು ಹಡಗನ್ನೇ ಹುಟ್ಟಿನಿಂದ ಕೊನೆಯವರೆಗೆ ಹಿಂಬಾಲಿಸೋಣ.

ಮೊದಲು ಪದ, ಆಮೇಲೆ ಹಡಗು

ಡೆಸ್ಟ್ರಾಯರ್ ಎಂದರೆ ಎಲ್ಲವನ್ನೂ ನಾಶಮಾಡುವ ದೈತ್ಯ ಹಡಗು ಎಂದು ಹೆಸರು ಕೇಳಿದವರಿಗೆ ಅನ್ನಿಸುತ್ತದೆ. ನಿಜ ಬೇರೆ. 19ನೇ ಶತಮಾನದ ಕೊನೆಗೆ ಟಾರ್ಪೆಡೊ ಹೊತ್ತ ಚಿಕ್ಕ ವೇಗದ ದೋಣಿಗಳು ದೊಡ್ಡ ಯುದ್ಧನೌಕೆಗಳಿಗೆ ತಲೆನೋವಾದವು. ಆ ದೋಣಿಗಳನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯಲೆಂದು ಕಟ್ಟಿದ್ದು ‘ಟಾರ್ಪೆಡೊ ದೋಣಿ ಡೆಸ್ಟ್ರಾಯರ್’. ಹೆಸರಿನ ಮುಂಭಾಗ ಉದುರಿ ಬಾಲ ಮಾತ್ರ ಉಳಿಯಿತು. ಜಲಾಂತರ್ಗಾಮಿಗಳು ಬಂದ ಮೇಲೆ ಅವನ್ನು ಬೇಟೆಯಾಡುವ ಕೆಲಸವೂ ಇದರ ಹೆಗಲಿಗೆ ಬಿತ್ತು. ಅಂದರೆ ಇದು ಗಾತ್ರಕ್ಕಿಂತ ವೇಗವನ್ನು ನಂಬಿದ ಕಾವಲಿನ ಹಡಗು. ವಾರ್ಡ್‌ನ ಉದ್ದ ಸುಮಾರು 96 ಮೀಟರ್, ಅಗಲ ಬರೀ 9.4 ಮೀಟರ್. ಪರ್ಲ್ ಹಾರ್ಬರ್‌ನಲ್ಲಿ ಮುಳುಗಿದ ‘ಅರಿಜೋನಾ’ ಯುದ್ಧನೌಕೆಯ ಉದ್ದ ಸುಮಾರು 185 ಮೀಟರ್. ನಮ್ಮ ಪತ್ರಿಕೆಗಳು ಎರಡಕ್ಕೂ ‘ಯುದ್ಧನೌಕೆ’ ಎಂದೇ ಬರೆಯುವುದರಿಂದ ಈ ವ್ಯತ್ಯಾಸ ಮನಸ್ಸಿನಲ್ಲಿರಲಿ.

ವಾರ್ಡ್ ‘ವಿಕ್ಸ್’ ವರ್ಗಕ್ಕೆ ಸೇರಿದ್ದು. ಈ ವರ್ಗದಲ್ಲಿ 111 ಹಡಗುಗಳಿದ್ದವು. ಸಾಲಾಗಿ ನಾಲ್ಕು ಹೊಗೆಕೊಳವೆಗಳಿದ್ದ ಕಾರಣ ನಾವಿಕರು ಇವನ್ನು ‘ನಾಲ್ಕು ಕೊಳವೆಯವು’ ಎಂದೇ ಕರೆಯುತ್ತಿದ್ದರು. ವೇಗ 35 ನಾಟ್, ಅಂದರೆ ಗಂಟೆಗೆ ಸುಮಾರು 65 ಕಿಲೋಮೀಟರ್. ನಾಲ್ಕು ಇಂಚು ಬಾಯಿಯ ನಾಲ್ಕು ಫಿರಂಗಿಗಳು. ಹನ್ನೆರಡು ಟಾರ್ಪೆಡೊ ಕೊಳವೆಗಳು. ಫಿರಂಗಿಗಳಲ್ಲಿ ಒಂದು ಮೂತಿಯ ಕಡೆ, ಒಂದು ಹಿಂದೆ, ಉಳಿದೆರಡು ನಡುವೆ ಎಡಬಲಕ್ಕೆ. ಇವುಗಳಲ್ಲಿ ಮೂರನೇ ಸಂಖ್ಯೆಯ ಫಿರಂಗಿಯನ್ನು ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಟ್ಟಿದ್ದು ಕ್ಯಾಲಿಫೋರ್ನಿಯಾದ ಮೇರ್ ಐಲೆಂಡ್ ಹಡಗುಕಟ್ಟೆಯಲ್ಲಿ. 1918ರ ಮೇ 15ರಂದು ಕೀಲ್ (ಬೆನ್ನೆಲುಬಿನಂಥ ತಳದ ತೊಲೆ) ಇಟ್ಟರು, ಜೂನ್ 1ರಂದು ನೀರಿಗಿಳಿಸಿದರು. ಎಣಿಸಿದರೆ ಹದಿನೇಳೂವರೆ ದಿನ! ಸಾಮಾನ್ಯವಾಗಿ ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಅಟ್ಲಾಂಟಿಕ್‌ನಲ್ಲಿ ಜರ್ಮನಿಯ ಯು-ಬೋಟ್ ಜಲಾಂತರ್ಗಾಮಿಗಳು ಸರಕು ಹಡಗುಗಳನ್ನು ಮುಳುಗಿಸುತ್ತಿದ್ದ ಕಾಲ ಅದು. ಡೆಸ್ಟ್ರಾಯರ್‌ಗಳು ಎಷ್ಟಿದ್ದರೂ ಸಾಲುತ್ತಿರಲಿಲ್ಲ. ಭಾಗಗಳನ್ನು ಮೊದಲೇ ತಯಾರಿಸಿಟ್ಟುಕೊಂಡು ಜೋಡಿಸಿದ್ದರಿಂದ ಈ ಅವಸರ ಸಾಧ್ಯವಾಯಿತು. ಜುಲೈ 24ರಂದು ಸೇವೆಗೆ ಸೇರಿತು. ಆದರೆ ನವೆಂಬರ್ 11ಕ್ಕೆ ಮೊದಲ ಮಹಾಯುದ್ಧವೇ ಮುಗಿಯಿತು. ಯಾವ ಯುದ್ಧಕ್ಕಾಗಿ ಓಡೋಡಿ ಹುಟ್ಟಿತೋ ಆ ಯುದ್ಧದಲ್ಲಿ ಅದು ಒಂದು ಗುಂಡನ್ನೂ ಹಾರಿಸಲಿಲ್ಲ. 1919ರಲ್ಲಿ ಅಟ್ಲಾಂಟಿಕ್ ದಾಟಲು ಹೊರಟ ನೌಕಾಪಡೆಯ ಎನ್‌ಸಿ ವಿಮಾನಗಳಿಗೆ ದಾರಿಯಲ್ಲಿ ಬೆಂಬಲವಾಗಿ ನಿಂತದ್ದು ಬಿಟ್ಟರೆ ಆ ದಿನಗಳ ಕಥೆ ಚಿಕ್ಕದು. 1921ರ ಜುಲೈನಲ್ಲಿ ಸೇವೆಯಿಂದ ತೆಗೆದು ಕಟ್ಟಿಹಾಕಿದರು. ಸುಮಾರು ಇಪ್ಪತ್ತು ವರ್ಷ ಹಾಗೇ ನಿಂತಿತ್ತು.

ಮತ್ತೆ ಎದ್ದದ್ದು

1941ರ ಜನವರಿಯಲ್ಲಿ ವಾರ್ಡ್‌ಗೆ ಮತ್ತೆ ಜೀವ ಬಂತು. ಸಿಬ್ಬಂದಿಯಲ್ಲಿ ಬಹುಪಾಲು ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್ ನಗರದ ಮೀಸಲು ನಾವಿಕರು. ಭೂಪಟದಲ್ಲಿ ನೋಡಿ, ಸಮುದ್ರದಿಂದ ಬಹು ದೂರದ ಊರು ಅದು. ಒಳನಾಡಿನ ಹುಡುಗರು, ತಮ್ಮಷ್ಟೇ ವಯಸ್ಸಿನ ಹಡಗು ಹತ್ತಿ ಹವಾಯಿಗೆ ಬಂದರು. ಕೊಟ್ಟ ಕೆಲಸ ಪರ್ಲ್ ಹಾರ್ಬರ್‌ನ ಬಾಗಿಲು ಕಾಯುವುದು. ಬಂದರಿನ ಹೊರಗಿನ ಕಾವಲು ವಲಯದಲ್ಲಿ ಅಮೆರಿಕದ ಜಲಾಂತರ್ಗಾಮಿಗಳು ನೀರಿನ ಮೇಲೆಯೇ ಓಡಾಡಬೇಕೆಂಬ ನಿಯಮವಿತ್ತು. ಹಾಗಾಗಿ ಮುಳುಗಿಕೊಂಡು ಬರುವುದು ಯಾವುದೇ ಇರಲಿ, ಅದು ಪರಕೀಯರದ್ದು, ಹೊಡೆಯಬಹುದು ಎಂಬುದು ಆಜ್ಞೆ.

ಹೊಸ ಕಮಾಂಡರ್ ಲೆಫ್ಟಿನೆಂಟ್ ವಿಲಿಯಂ ಔಟರ್‌ಬ್ರಿಡ್ಜ್ ಅಧಿಕಾರ ವಹಿಸಿಕೊಂಡದ್ದು ಡಿಸೆಂಬರ್ 5ರಂದು. ವಯಸ್ಸು 35. ಅವರು ಕಮಾಂಡರ್ ಆದ ಮೊದಲ ಹಡಗು ಅದೇ.

ಒಂದು ಬೆಳಗಿನ ಜಾವ, ನಿಧಾನವಾಗಿ

ಡಿಸೆಂಬರ್ 7, ನಸುಕಿನ 3:42. ಸಮುದ್ರದಲ್ಲಿ ಹುದುಗಿಸಿದ ಸ್ಫೋಟಕಗಳನ್ನು (ಮೈನ್) ತೆಗೆಯುವ ಚಿಕ್ಕ ಹಡಗು ‘ಕಾಂಡರ್’ನವರಿಗೆ ಕತ್ತಲಲ್ಲಿ ಪೆರಿಸ್ಕೋಪ್‌ನಂಥದ್ದು ಕಂಡಿತು. 3:57ಕ್ಕೆ ದೀಪ ಮಿನುಗಿಸಿ ವಾರ್ಡ್‌ಗೆ ತಿಳಿಸಿದರು. ಔಟರ್‌ಬ್ರಿಡ್ಜ್ ಎದ್ದು ಬಂದರು, ಸಿಬ್ಬಂದಿಯನ್ನೆಲ್ಲ ಎಬ್ಬಿಸಿ ತಮ್ಮ ತಮ್ಮ ಜಾಗದಲ್ಲಿ ನಿಲ್ಲಿಸಿದರು, ಹುಡುಕಿದರು. ಏನೂ ಸಿಗಲಿಲ್ಲ. ದಡದವರೆಗೆ ಈ ಸುದ್ದಿ ಮುಟ್ಟಲಿಲ್ಲ. ಇಷ್ಟರ ನಡುವೆ, ಬಂದರಿನ ಬಾಯಿಗೆ ಅಡ್ಡ ಕಟ್ಟಿದ್ದ ಉಕ್ಕಿನ ಬಲೆಯ ಬಾಗಿಲನ್ನು ಕಾಂಡರ್ ಮುಂತಾದವುಗಳನ್ನು ಒಳಬಿಡಲು 5 ಗಂಟೆಯ ಹೊತ್ತಿಗೆ ತೆರೆದರು. ದಾಳಿ ಶುರುವಾದ ಮೇಲೂ ಅದು ತೆರೆದೇ ಇತ್ತು. ಒಂದು ಮರಿ ಜಲಾಂತರ್ಗಾಮಿ ಬಂದರಿನ ಒಳಗೂ ನುಸುಳಿತು. ಅದನ್ನು ‘ಮೊನಾಘನ್’ ಎಂಬ ಇನ್ನೊಂದು ಡೆಸ್ಟ್ರಾಯರ್ ಆಮೇಲೆ ಹೊಡೆದು ಮುಳುಗಿಸಿತು.

6:30 ದಾಟಿದ ಮೇಲೆ ಬೆಳಕು ಹರಿಯತೊಡಗಿತು. ಸರಬರಾಜು ಹಡಗು ‘ಆಂಟಾರಿಸ್’ ಒಂದು ತೆಪ್ಪವನ್ನು ಎಳೆದುಕೊಂಡು ಬಂದರಿನತ್ತ ಬರುತ್ತಿತ್ತು. ಅದರ ಹಿಂದೆ ಇನ್ನೊಂದು ಮರಿ ಜಲಾಂತರ್ಗಾಮಿಯ ಸಣ್ಣ ಗೋಪುರ ನೀರಿನಿಂದ ಮೇಲೆದ್ದಿತ್ತು; ಅದು ಆಂಟಾರಿಸ್‌ನ ಬೆನ್ನಿಗಂಟಿಕೊಂಡೇ ಒಳಹೋಗುವ ಹೊಂಚಿನಲ್ಲಿತ್ತು. ಮೇಲೆ ಹಾರುತ್ತಿದ್ದ ಅಮೆರಿಕದ ಗಸ್ತು ವಿಮಾನವೂ ಅದನ್ನು ಕಂಡು ಹೊಗೆಯ ಗುರುತು ಬೀಳಿಸಿತು.

ಈ ಮರಿ ಜಲಾಂತರ್ಗಾಮಿಗಳ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಉದ್ದ ಸುಮಾರು 24 ಮೀಟರ್. ಒಳಗೆ ಇಬ್ಬರೇ. ಎರಡು ಟಾರ್ಪೆಡೊ. ಬ್ಯಾಟರಿಯಿಂದ ಓಟ. ದೊಡ್ಡ ಜಲಾಂತರ್ಗಾಮಿಗಳ ಬೆನ್ನಮೇಲೆ ಇಂಥ ಐದನ್ನು ಹವಾಯಿಯವರೆಗೆ ಹೊತ್ತು ತಂದಿದ್ದರು. ಹತ್ತು ಜನರಲ್ಲಿ ಬದುಕುಳಿದದ್ದು ಒಬ್ಬರೇ, ಕಜುವೊ ಸಕಾಮಾಕಿ. ಅವರು ಅಮೆರಿಕದ ಮೊದಲ ಜಪಾನಿ ಯುದ್ಧಕೈದಿಯಾದರು.

6:45. ವಾರ್ಡ್ ವೇಗ ಹೆಚ್ಚಿಸಿಕೊಂಡು ನೇರ ಅದರತ್ತ ನುಗ್ಗಿತು. ಮೊದಲನೇ ಫಿರಂಗಿಯ ಗುಂಡು ಗೋಪುರದ ಮೇಲಿಂದ ಹಾದುಹೋಯಿತು. ಹತ್ತಿರವಾದಂತೆ ಬಲಮಗ್ಗುಲಿನ ಮೂರನೇ ಫಿರಂಗಿ ಹಾರಿಸಿತು. ಅಂತರ ಸುಮಾರು 50 ಗಜ. ನಮಗೆ ಅಂದಾಜು ಸಿಗುವಂತೆ ಹೇಳುವುದಾದರೆ, ಕ್ರಿಕೆಟ್ ಪಿಚ್ 22 ಗಜ; ಎರಡು ಪಿಚ್‌ಗಳನ್ನು ಉದ್ದಕ್ಕೆ ಜೋಡಿಸಿ ಇನ್ನಾರು ಹೆಜ್ಜೆ ಸೇರಿಸಿದರೆ ಅಷ್ಟು. ಇಷ್ಟು ಹತ್ತಿರದಿಂದ 15 ಕಿಲೋ ತೂಕದ ಗುಂಡು ಗೋಪುರದ ಬುಡಕ್ಕೆ ಬಡಿಯಿತು. ಜಲಾಂತರ್ಗಾಮಿ ವಾಲಿ ಮುಳುಗತೊಡಗಿತು. ವಾರ್ಡ್ ಅದನ್ನು ದಾಟುತ್ತಲೇ ಹಿಂದಿನಿಂದ ನಾಲ್ಕು ಡೆಪ್ತ್ ಚಾರ್ಜ್‌ಗಳನ್ನು, ಅಂದರೆ ನಿಗದಿಪಡಿಸಿದ ಆಳದಲ್ಲಿ ಸಿಡಿಯುವ ಸ್ಫೋಟಕ ಪೀಪಾಯಿಗಳನ್ನು, ಉರುಳಿಸಿತು.

ಈಗ ಈ ಟಿಪ್ಪಣಿಯ ತಿರುಳಿಗೆ ಬಂದೆವು. 6:51ಕ್ಕೆ ಔಟರ್‌ಬ್ರಿಡ್ಜ್ ಕಳಿಸಿದ ಮೊದಲ ಸಂದೇಶದ ಅರ್ಥ: ‘ಕಾವಲು ವಲಯದಲ್ಲಿದ್ದ ಜಲಾಂತರ್ಗಾಮಿಯ ಮೇಲೆ ಡೆಪ್ತ್ ಚಾರ್ಜ್ ಹಾಕಿದ್ದೇವೆ.’ ಕಳಿಸಿದ ಮೇಲೆ ಅವರಿಗೆ ಸಮಾಧಾನವಾಗಲಿಲ್ಲ. ಎರಡೇ ನಿಮಿಷಕ್ಕೆ ಮತ್ತೊಂದು ಕಳಿಸಿದರು: ‘ದಾಳಿ ಮಾಡಿದ್ದೇವೆ, ಗುಂಡು ಹಾರಿಸಿದ್ದೇವೆ, ಡೆಪ್ತ್ ಚಾರ್ಜ್ ಹಾಕಿದ್ದೇವೆ.’ ಎರಡನ್ನೂ ಒಂದರ ಕೆಳಗೊಂದು ಬರೆದು ನೋಡಿ. ಹೊಸದಾಗಿ ಸೇರಿದ್ದು ‘ಗುಂಡು ಹಾರಿಸಿದ್ದೇವೆ’ ಎಂಬ ಮಾತು. ಡೆಪ್ತ್ ಚಾರ್ಜನ್ನು ಬರೀ ಸದ್ದು ಕೇಳಿಯೂ ಹಾಕಬಹುದು, ತಿಮಿಂಗಿಲದ ಮೇಲೂ ಹಾಕಿರಬಹುದು. ಫಿರಂಗಿಯನ್ನು ಕಣ್ಣಿಗೆ ಕಂಡದ್ದಕ್ಕೇ ಗುರಿಯಿಡಬೇಕು. ‘ನಾವು ನಮ್ಮ ಕಣ್ಣಾರೆ ಕಂಡೆವು’ ಎಂಬುದನ್ನು ಆ ಒಂದು ಮಾತಿನಲ್ಲಿ ಹೇಳಲು ಅವರು ಹೆಣಗಿದ್ದರು. ಎರಡು ದಿನದ ಹಿಂದೆ ಹಡಗು ವಹಿಸಿಕೊಂಡ ಮನುಷ್ಯ ಆ ಗಡಿಬಿಡಿಯಲ್ಲೂ ಇಷ್ಟು ಯೋಚಿಸಿದರಲ್ಲ ಎಂದು ಪ್ರತಿ ಸಲ ಓದುವಾಗಲೂ ನಾನು ಅಲ್ಲೇ ನಿಲ್ಲುತ್ತೇನೆ.

ಮುಂದಿನದು ದಡದ ಕಥೆ. ಸಂಕೇತದಲ್ಲಿದ್ದ ಸಂದೇಶವನ್ನು ಬಿಡಿಸಿ ಕರ್ತವ್ಯದಲ್ಲಿದ್ದ ಲೆಫ್ಟಿನೆಂಟ್ ಕಮಾಂಡರ್ ಹೆರಾಲ್ಡ್ ಕಮಿನ್‌ಸ್ಕಿ ಅವರ ಕೈಗೆ ಕೊಡುವಾಗ 7:12. ಭಾನುವಾರದ ಬೆಳಿಗ್ಗೆ. ಅವರು ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದರು. ನೌಕಾ ಜಿಲ್ಲೆಯ ಮುಖ್ಯಸ್ಥ ಅಡ್ಮಿರಲ್ ಬ್ಲಾಕ್‌ರಿಗೆ ವಿಷಯ ಮುಟ್ಟಿತು. ಇದಕ್ಕೂ ಮೊದಲು ಜಲಾಂತರ್ಗಾಮಿ ಕಂಡಿತೆಂಬ ಸುಳ್ಳು ಸುದ್ದಿಗಳು ಎಷ್ಟೋ ಬಂದಿದ್ದವು, ಹಾಗಾಗಿ ‘ಖಚಿತಪಡಿಸಿ’ ಎಂದರು. ಪೆಸಿಫಿಕ್ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಕಿಮ್ಮೆಲ್‌ಗೆ ತಿಳಿಯುವಾಗ 7:40ರ ಸುಮಾರು. ಅವರೂ ಖಚಿತವಾಗಲಿ ಎಂದು ಕಾದರು.

ಇದೇ ಹೊತ್ತಿಗೆ, 7:02ಕ್ಕೆ, ದ್ವೀಪದ ಉತ್ತರದ ಓಪಾನಾ ರೇಡಾರ್ ಕೇಂದ್ರದಲ್ಲಿ ಸೇನೆಯ ಇಬ್ಬರು ಸೈನಿಕರು ದೊಡ್ಡದೊಂದು ವಿಮಾನ ಸಮೂಹ ಬರುವುದನ್ನು ಕಂಡಿದ್ದರು. ಕ್ಯಾಲಿಫೋರ್ನಿಯಾದಿಂದ ಬರಬೇಕಿದ್ದ ನಮ್ಮವರದೇ ಬಿ-17 ವಿಮಾನಗಳಿರಬೇಕು, ಚಿಂತೆ ಬೇಡ ಎಂಬ ಉತ್ತರ ಬಂತು. ನೌಕಾಪಡೆಯ ಕೈಯಲ್ಲಿ ಜಲಾಂತರ್ಗಾಮಿಯ ಸುದ್ದಿ, ಭೂಸೇನೆಯ ಕೈಯಲ್ಲಿ ರೇಡಾರ್ ಸುದ್ದಿ. ಎರಡೂ ಒಂದೇ ಮೇಜಿನ ಮೇಲೆ ಬೀಳಲಿಲ್ಲ. ‘ಮುನ್ನೆಚ್ಚರಿಕೆ ಇರಲಿಲ್ಲ’ ಎಂದು ಉತ್ತರಪತ್ರಿಕೆಯಲ್ಲಿ ಬರೆಯುವವರು ಈ ಎರಡು ಸಮಯಗಳನ್ನು, 6:53 ಮತ್ತು 7:02, ನೆನಪಿಡಬೇಕು. ಎಚ್ಚರಿಕೆ ಬಂದಿತ್ತು. ಅದನ್ನು ನಂಬುವ ವ್ಯವಸ್ಥೆ ಇರಲಿಲ್ಲ.

ದಿನಾಂಕದ ಒಂದು ತೊಡಕು

ಜಪಾನಿನ ಪುಸ್ತಕಗಳು ಇದನ್ನೇ ಡಿಸೆಂಬರ್ 8ರ ಘಟನೆ ಎನ್ನುತ್ತವೆ. ತಪ್ಪಲ್ಲ. ಹವಾಯಿಯ ಗಡಿಯಾರ ಆಗ ಗ್ರೀನ್‌ವಿಚ್‌ಗಿಂತ ಹತ್ತೂವರೆ ಗಂಟೆ ಹಿಂದಿತ್ತು. ವಾರ್ಡ್ ಗುಂಡು ಹಾರಿಸಿದಾಗ ವಾಷಿಂಗ್ಟನ್‌ನಲ್ಲಿ ಮಧ್ಯಾಹ್ನ 12:15, ಟೋಕಿಯೊದಲ್ಲಿ 8ನೇ ತಾರೀಖಿನ ನಸುಕಿನ 2:15. ಇಂದಿನ ಭಾರತೀಯ ಕಾಲಮಾನಕ್ಕೆ ಹಾಕಿದರೆ 7ರ ರಾತ್ರಿ 10:45.

ಈ ಲೆಕ್ಕ ಹಾಕಿದಾಗ ಇನ್ನೊಂದು ವಿಷಯ ಬಯಲಾಗುತ್ತದೆ. ವಾರ್ಡ್‌ನದು ‘ಪೆಸಿಫಿಕ್ ಯುದ್ಧದ ಮೊದಲ ಗುಂಡು’ ಎಂದು ಹಲವೆಡೆ ಬರೆದಿರುತ್ತದೆ. ಆದರೆ ಮಲಯದ (ಇಂದಿನ ಮಲೇಷ್ಯಾ) ಕೋಟ ಭಾರು ಕಡಲತೀರದಲ್ಲಿ ಜಪಾನೀ ಪಡೆ ಇಳಿಯತೊಡಗಿದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ತುಸು ಮೊದಲೇ. ಅಲ್ಲಿ ತೀರ ಕಾಯುತ್ತಿದ್ದವರು ಭಾರತೀಯ ಸೇನೆಯ ಡೋಗ್ರಾ ರೆಜಿಮೆಂಟಿನವರು. ಚೀನಾದಲ್ಲಂತೂ ಯುದ್ಧ 1937ರಿಂದಲೇ ನಡೆದಿತ್ತು. ಆದ್ದರಿಂದ ‘ಆ ಯುದ್ಧದಲ್ಲಿ ಅಮೆರಿಕ ಹಾರಿಸಿದ ಮೊದಲ ಗುಂಡು’ ಎಂದು ಬರೆಯಿರಿ. ಹಾಗೆ ಬರೆದರೆ ಡೋಗ್ರಾಗಳಿಗೂ ಅನ್ಯಾಯವಾಗದು.

ಮೂರು ವರ್ಷಗಳ ನಂತರ

1943ರ ಆರಂಭಕ್ಕೆ ವಾರ್ಡ್‌ನ ರೂಪವೇ ಬದಲಾಯಿತು. ಟಾರ್ಪೆಡೊಗಳನ್ನು ತೆಗೆದರು, ಬಾಯ್ಲರ್‌ಗಳಲ್ಲಿ ಕೆಲವನ್ನು ತೆಗೆದು ಸೈನಿಕರಿಗೆ ಜಾಗ ಮಾಡಿದರು, ದಡಕ್ಕೆ ಇಳಿಸುವ ದೋಣಿಗಳನ್ನು ತೂಗುಹಾಕಿದರು, ಹಳೆಯ ಫಿರಂಗಿಗಳ ಬದಲು ವಿಮಾನಗಳಿಗೆ ಹೊಡೆಯುವಂಥವನ್ನು ಕೂರಿಸಿದರು. ಡಿಡಿ-139 (ಡಿಡಿ ಎಂದರೆ ಡೆಸ್ಟ್ರಾಯರ್) ಆಗಿದ್ದ ಹಡಗು ಎಪಿಡಿ-16 ಆಯಿತು. ಎಪಿಡಿ ಎಂದರೆ ವೇಗದ ಸೈನ್ಯ ಸಾಗಣೆ ಹಡಗು. ಕೇಪ್ ಗ್ಲೌಸ್ಟರ್, ಸೈದೋರ್, ಐತಾಪೆ, ಬಿಯಾಕ್, ಮೊರೊಟೈ: ದ್ವೀಪದಿಂದ ದ್ವೀಪಕ್ಕೆ ಸೈನಿಕರನ್ನು ಇಳಿಸುತ್ತ ಫಿಲಿಪೀನ್ಸ್ ಮುಟ್ಟಿತು. ಹೆಸರು ಮಾಡದ, ಆದರೆ ತಪ್ಪದೆ ನಡೆದ ಕೆಲಸ.

1944ರ ಡಿಸೆಂಬರ್ 7. ಲೇಟೆ ದ್ವೀಪದ ಪಶ್ಚಿಮದ ಓರ್ಮಾಕ್ ಕೊಲ್ಲಿಯಲ್ಲಿ ಸೈನಿಕರನ್ನು ಇಳಿಸಿ ಗಸ್ತು ತಿರುಗುತ್ತಿದ್ದ ವಾರ್ಡ್ ಮೇಲೆ ಜಪಾನಿನ ವಿಮಾನಗಳು ಎರಗಿದವು. ಒಂದು ನೇರ ಬಂದು ಹಡಗಿನ ನಡುಭಾಗಕ್ಕೆ ಅಪ್ಪಳಿಸಿತು. ಬೆಂಕಿ ಹತೋಟಿಗೆ ಬರಲಿಲ್ಲ. ಸಿಬ್ಬಂದಿ ಹಡಗು ಬಿಟ್ಟು ಇಳಿದರು. ಉರಿಯುವ ಹಡಗನ್ನು ಹಾಗೇ ಬಿಡುವಂತಿರಲಿಲ್ಲ. ಗುಂಡು ಹೊಡೆದು ಮುಳುಗಿಸುವ ಆಜ್ಞೆ ಹೊಸ ಡೆಸ್ಟ್ರಾಯರ್ ‘ಓಬ್ರಿಯನ್’ಗೆ ಬಂತು. ಅದರ ಕಮಾಂಡರ್ ವಿಲಿಯಂ ಔಟರ್‌ಬ್ರಿಡ್ಜ್.

ಇದನ್ನು ಮೊದಲು ಓದಿದಾಗ ಯಾರೋ ಕಟ್ಟಿದ ಕಥೆಯಿರಬೇಕು ಎಂದುಕೊಂಡಿದ್ದೆ. ಅಲ್ಲ, ದಾಖಲೆಯಲ್ಲಿರುವ ಸಂಗತಿ. ಅದೇ ತಾರೀಖು, ಅದೇ ಮನುಷ್ಯ, ಅದೇ ಹಡಗು.

ಸಾಕ್ಷಿ ಸಿಕ್ಕಿದ್ದು

ವಾರ್ಡ್‌ನವರು ಜಲಾಂತರ್ಗಾಮಿಯನ್ನು ನಿಜವಾಗಿ ಮುಳುಗಿಸಿದ್ದರೇ ಎಂಬ ಅನುಮಾನ ಅರುವತ್ತು ವರ್ಷ ಉಳಿದಿತ್ತು. ಮೂರನೇ ಫಿರಂಗಿಯನ್ನು 1958ರಲ್ಲಿ ಸೇಂಟ್ ಪಾಲ್‌ನ ರಾಜ್ಯ ಶಾಸನಸಭಾ ಭವನದ ಆವರಣಕ್ಕೆ ತಂದು, ಆ ಹುಡುಗರ ಊರಿನಲ್ಲೇ ನಿಲ್ಲಿಸಿದರು. ಗುಂಡು ಎಲ್ಲಿ ತಾಗಿತ್ತು ಎಂಬುದಕ್ಕೆ ಮಾತ್ರ ನಾವಿಕರ ಮಾತೇ ಆಧಾರ. 2002ರ ಆಗಸ್ಟ್ 28ರಂದು ಹವಾಯಿ ವಿಶ್ವವಿದ್ಯಾಲಯದವರ ಸಂಶೋಧನಾ ಜಲಾಂತರ್ಗಾಮಿಗಳು ಪರ್ಲ್ ಹಾರ್ಬರ್‌ನ ಹೊರಗೆ ಸುಮಾರು 1,200 ಅಡಿ ಆಳದಲ್ಲಿ ಆ ಮರಿ ಜಲಾಂತರ್ಗಾಮಿಯನ್ನು ಕಂಡವು. ಎರಡೂ ಟಾರ್ಪೆಡೊಗಳು ಹಾರಿಸದೆ ತಮ್ಮ ಜಾಗದಲ್ಲೇ ಇದ್ದವು. ಒಳಗಿದ್ದ ಇಬ್ಬರೂ ಅಲ್ಲೇ ಉಳಿದಿದ್ದಾರೆಂದು ಅದನ್ನು ಮೇಲೆತ್ತಲಿಲ್ಲ. ವಾರ್ಡ್‌ನ ಅವಶೇಷವೂ 2017ರಲ್ಲಿ ಓರ್ಮಾಕ್ ಕೊಲ್ಲಿಯ ತಳದಲ್ಲಿ ಪತ್ತೆಯಾಯಿತು.

ಹವಾಯಿಯ ಆ ಜಲಾಂತರ್ಗಾಮಿಯ ಚಿತ್ರ ಸಿಕ್ಕರೆ ಗೋಪುರದ ಬುಡವನ್ನು ನೋಡಿ. ಅಲ್ಲಿ ನಾಲ್ಕು ಇಂಚಿನ ಗುಂಡು ಕೊರೆದ ಒಂದು ತೂತು ಇದೆ, ಮೂರನೇ ಫಿರಂಗಿಯವರು ಹೇಳಿದ್ದ ಜಾಗದಲ್ಲೇ.