ನಾಲ್ಕು ವರ್ಷದ ಮಗು ಸುಳ್ಳು ಹೇಳಿದರೆ ಗಾಬರಿಪಡಬೇಕೇ?

ಪ್ರಶ್ನೆ: ನಮ್ಮ ಮಗಳಿಗೆ ಈಗ ನಾಲ್ಕು ವರ್ಷ. ಕೆಲವು ತಿಂಗಳುಗಳಿಂದ, ತಾನು ಮಾಡಿದ್ದನ್ನು ನಾವು ಕಣ್ಣಾರೆ ಕಂಡಿದ್ದರೂ ‘ನಾನಲ್ಲ’ ಎಂದು ಸಾಧಿಸುತ್ತಾಳೆ. ಮನೆಯಲ್ಲಿ ಯಾರೂ ಅವಳಿಗೆ ಸುಳ್ಳು ಹೇಳಿಕೊಟ್ಟಿಲ್ಲ. ಇದು ಕೆಟ್ಟ ಚಾಳಿಯ ಆರಂಭವೇ? ಈಗಲೇ ಶಿಕ್ಷಿಸಿ ತಿದ್ದಬೇಕೇ?

ಉತ್ತರ: ಸುಳ್ಳನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೂರರಿಂದ ಐದು ವರ್ಷದೊಳಗೆ ಬಹುಪಾಲು ಮಕ್ಕಳು ತಾವಾಗಿಯೇ ಅದನ್ನು ಕಂಡುಕೊಳ್ಳುತ್ತಾರೆ, ಮತ್ತು ಆ ವಯಸ್ಸಿನಲ್ಲಿ ಅದು ಬುದ್ಧಿ ಬೆಳೆಯುತ್ತಿರುವುದರ ಗುರುತು. ಶಿಕ್ಷೆ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದಕ್ಕೆ ಕಾರಣ ಹೇಳುವ ಮೊದಲು, ಸುಳ್ಳು ಹೇಳಲು ಮಗುವಿಗೆ ಏನೇನು ಗೊತ್ತಿರಬೇಕು ಎಂಬುದನ್ನು ನೋಡೋಣ.

ತನಗೆ ಗೊತ್ತಿರುವುದೆಲ್ಲ ಎದುರಿನವರಿಗೂ ಗೊತ್ತಿರಬೇಕೆಂದಿಲ್ಲ ಎಂಬ ಅರಿವು ಮೊದಲು ಮೂಡಬೇಕು. ದೊಡ್ಡವರಿಗೆ ಇದು ಉಸಿರಾಟದಷ್ಟು ಸಹಜವಾದ್ದರಿಂದ, ಇದೂ ಕಲಿಯಬೇಕಾದ ಸಂಗತಿ ಎಂಬುದೇ ನಮಗೆ ಹೊಳೆಯುವುದಿಲ್ಲ. 1983ರಲ್ಲಿ ಹೈಂಜ್ ವಿಮ್ಮರ್ ಮತ್ತು ಜೋಸೆಫ್ ಪೆರ್ನರ್ ಎಂಬ ಮನೋವಿಜ್ಞಾನಿಗಳು ಮಕ್ಕಳಿಗೆ ಒಂದು ಪುಟ್ಟ ಕಥೆ ಹೇಳಿದರು. ಮ್ಯಾಕ್ಸಿ ಎಂಬ ಹುಡುಗ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಡಲು ಹೋಗುತ್ತಾನೆ. ಅವನು ಇಲ್ಲದಾಗ ತಾಯಿ ಅದನ್ನು ಇನ್ನೊಂದು ಕಪಾಟಿಗೆ ಸಾಗಿಸುತ್ತಾಳೆ. ಮರಳಿ ಬಂದ ಮ್ಯಾಕ್ಸಿ ಎಲ್ಲಿ ಹುಡುಕುತ್ತಾನೆ? ಮೂರರಿಂದ ನಾಲ್ಕು ವರ್ಷದವರಲ್ಲಿ ಯಾರೂ ಸರಿಯಾಗಿ ಹೇಳಲಿಲ್ಲ. ಚಾಕೊಲೇಟ್ ಈಗ ಎಲ್ಲಿದೆಯೋ ಅಲ್ಲಿಯೇ ಅವನು ಹುಡುಕುತ್ತಾನೆ ಎಂಬುದು ಅವರ ಉತ್ತರವಾಗಿತ್ತು. ನಾಲ್ಕರಿಂದ ಆರು ವರ್ಷದವರಲ್ಲಿ ಶೇ 57 ಮಂದಿ, ಆರರಿಂದ ಒಂಬತ್ತು ವರ್ಷದವರಲ್ಲಿ ಶೇ 86 ಮಂದಿ ಸರಿಯುತ್ತರ ಕೊಟ್ಟರು. ಮುಂದಿನ ಸಂಶೋಧನೆಗಳಲ್ಲಿ ಪ್ರಶ್ನೆಯನ್ನು ಸರಳಗೊಳಿಸಿದಾಗ ಇನ್ನೂ ಚಿಕ್ಕವರೂ ಗೆದ್ದದ್ದುಂಟು. ಆದರೂ ನಾಲ್ಕರ ಆಸುಪಾಸಿನಲ್ಲಿ ದೊಡ್ಡದೊಂದು ಬದಲಾವಣೆಯಾಗುತ್ತದೆ ಎಂಬ ಮಾತು ಉಳಿದುಕೊಂಡಿದೆ.

ಅರಿವೊಂದಿದ್ದರೆ ಸಾಲದು, ನಾಲಿಗೆಯ ತುದಿಯಲ್ಲಿರುವ ನಿಜವನ್ನು ಅದುಮಿಡುವ ಶಕ್ತಿಯೂ ಬೇಕು. ಜೋನ್ ಪೆಸ್ಕಿನ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಗುವಿಗೆ ಇಷ್ಟವಾದ ಸ್ಟಿಕ್ಕರನ್ನೇ ಪ್ರತಿ ಸಲವೂ ಎತ್ತಿಕೊಳ್ಳುವ ಒಂದು ತುಂಟ ಗೊಂಬೆಯಿತ್ತು. ‘ನಿನಗೆ ಯಾವುದು ಬೇಕು?’ ಎಂದು ಗೊಂಬೆ ಮೊದಲು ಕೇಳುತ್ತದೆ. ಐದು ವರ್ಷದವರು ಬೇಗನೆ ಉಪಾಯ ಕಂಡುಕೊಂಡು, ಬೇಡದ್ದನ್ನು ತೋರಿಸಿ ಬೇಕಾದ್ದನ್ನು ಉಳಿಸಿಕೊಂಡರು. ಮೂರು ವರ್ಷದವರಲ್ಲಿ ಹೆಚ್ಚಿನವರಾದರೋ, ಮತ್ತೆ ಮತ್ತೆ ಕಳೆದುಕೊಂಡರೂ, ತಮಗೆ ಬೇಕಾದ್ದರ ಮೇಲೆಯೇ ಬೆರಳಿಡುತ್ತಿದ್ದರು. ಅವರ ಆ ನೇರ ನುಡಿಯನ್ನು ನಾವು ಸದ್ಗುಣವೆಂದು ಹೊಗಳುತ್ತೇವೆ; ಆದರೆ ಬೇರೆ ದಾರಿಯಿದೆ ಎಂಬುದೇ ಆ ಮಕ್ಕಳಿಗಿನ್ನೂ ಕಂಡಿರಲಿಲ್ಲ.

ಸುಳ್ಳು ಹೇಳಲು ಬಂದ ಮೇಲೂ ಅದನ್ನು ಕಾಪಾಡಿಕೊಳ್ಳಲು ಬರುವುದು ತಡವಾಗಿ. ಮಗುವಿನ ಬೆನ್ನ ಹಿಂದೆ ಆಟಿಕೆಯೊಂದನ್ನಿಟ್ಟು, ‘ತಿರುಗಿ ನೋಡಬೇಡ’ ಎಂದು ಹೇಳಿ ದೊಡ್ಡವರು ಕೋಣೆಯಿಂದ ಹೊರಹೋಗುವ ಪ್ರಯೋಗ ಈ ಕ್ಷೇತ್ರದಲ್ಲಿ ಪ್ರಸಿದ್ಧ. ಮೈಕೆಲ್ ಲೂಯಿಸ್ ಮತ್ತು ಸಂಗಡಿಗರು 1989ರಲ್ಲಿ ಹೀಗೆ ಪರೀಕ್ಷಿಸಿದ, ಮೂರು ವರ್ಷದ ಆಸುಪಾಸಿನ 33 ಮಕ್ಕಳಲ್ಲಿ 29 ಮಂದಿ ತಿರುಗಿ ನೋಡಿದರು. ಹಾಗೆ ನೋಡಿದವರಲ್ಲಿ ಶೇ 38 ಮಂದಿ ಒಪ್ಪಿಕೊಂಡರು, ಅಷ್ಟೇ ಮಂದಿ ಇಲ್ಲವೆಂದರು, ಉಳಿದವರು ಬಾಯಿ ಬಿಡಲಿಲ್ಲ. ಮುಂದೆ ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ ಇನ್ನೊಂದು ಪ್ರಶ್ನೆ ಸೇರಿಸಿದರು: ‘ನೋಡಲಿಲ್ಲವೆಂದರೆ, ಅದು ಯಾವ ಆಟಿಕೆಯಿರಬಹುದು ಹೇಳು.’ ಚಿಕ್ಕ ಮಕ್ಕಳಲ್ಲಿ ಹೆಚ್ಚಿನವರು ಆಟಿಕೆಯ ಹೆಸರನ್ನು ಥಟ್ಟನೆ ಹೇಳಿ ಸಿಕ್ಕಿಬಿದ್ದರು. ಗೊತ್ತಿಲ್ಲದಂತೆ ನಟಿಸಬೇಕೆಂದು ಹೊಳೆದದ್ದು ಆರು–ಏಳು ವರ್ಷದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ. ನೀವು ಕಣ್ಣಾರೆ ಕಂಡದ್ದನ್ನೂ ನಿಮ್ಮ ಮಗಳು ಅಲ್ಲಗಳೆಯುವುದಕ್ಕೆ ಇದೇ ಕಾರಣ: ಅವಳ ಕಪಟ ಇನ್ನೂ ಒಂದೇ ಹೆಜ್ಜೆಯದು.

ಬೇರೆಯವರ ಮನಸ್ಸನ್ನು ಅರಿಯುವುದು ಮತ್ತು ಸುಳ್ಳು ಹೇಳುವುದು, ಈ ಎರಡು ಬೆಳವಣಿಗೆಗಳು ಕೇವಲ ಜೊತೆಜೊತೆಗೆ ಕಾಣಿಸಿಕೊಳ್ಳುತ್ತವೆಯೋ, ಒಂದರಿಂದ ಇನ್ನೊಂದು ಹುಟ್ಟುತ್ತದೆಯೋ ಎಂಬ ಸಂದೇಹ ಸಹಜ. 2015ರಲ್ಲಿ ಪ್ರಕಟವಾದ ಚೀನಾದ ಅಧ್ಯಯನವೊಂದು ಇದಕ್ಕೆ ನೇರ ಉತ್ತರ ಕೊಟ್ಟಿತು. ಆಟದಲ್ಲಿ ಗೆಲ್ಲಲೂ ಸುಳ್ಳು ಹೇಳದಿದ್ದ ಮೂರು ವರ್ಷದ ಮಕ್ಕಳಿಗೆ, ಬೇರೆಯವರ ಮನಸ್ಸಿನಲ್ಲಿ ಏನಿರಬಹುದು ಎಂದು ಊಹಿಸುವ ಅಭ್ಯಾಸ ಮಾಡಿಸಿದಾಗ, ಯಾರೂ ಸುಳ್ಳಿನ ಮಾತೆತ್ತದಿದ್ದರೂ ಅವರು ಸುಳ್ಳು ಹೇಳತೊಡಗಿದರು. ಅಳುವ ಗೆಳತಿಯನ್ನು ಸಂತೈಸಲು, ಎದುರಿನವರ ಮನ ನೋಯದಂತೆ ಮಾತಾಡಲು ಬೇಕಾದದ್ದೂ ಇದೇ ಶಕ್ತಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಎಷ್ಟೋ ತಂದೆತಾಯಂದಿರು ಮೊದಲ ಸುಳ್ಳಿಗೆ ತಮ್ಮ ಸಾಕಣೆಯನ್ನೇ ದೂರಿಕೊಂಡು ಕೊರಗುತ್ತಾರೆ.

ಇನ್ನು ಶಿಕ್ಷೆಯ ವಿಚಾರ. ತಲ್ವಾರ್ ಮತ್ತು ಲೀ 2011ರಲ್ಲಿ ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳ ಮೂರು–ನಾಲ್ಕು ವರ್ಷದ ಮಕ್ಕಳನ್ನು ಹೋಲಿಸಿದರು. ಒಂದರಲ್ಲಿ ತಪ್ಪಿಗೆ ಏಟು ಬೀಳುತ್ತಿತ್ತು, ಇನ್ನೊಂದರಲ್ಲಿ ಹೊಡೆಯುವ ಪದ್ಧತಿ ಇರಲಿಲ್ಲ. ಏಟು ತಿನ್ನುವ ಮಕ್ಕಳೇ ಹೆಚ್ಚು ಸುಳ್ಳು ಹೇಳಿದರು. ಅಷ್ಟೇ ಅಲ್ಲದೆ, ತಮ್ಮ ವಯಸ್ಸಿಗೆ ಮೀರಿದ ಜಾಣತನದಿಂದ ಆ ಸುಳ್ಳನ್ನು ಉಳಿಸಿಕೊಂಡರು. ನಿಜ ಹೇಳಿದರೆ ನೋವು ಖಚಿತವೆಂದಾದಲ್ಲಿ ಮಗು ತನ್ನೆಲ್ಲ ಬುದ್ಧಿಯನ್ನೂ ಬಚ್ಚಿಡುವುದಕ್ಕೇ ಸುರಿಯುತ್ತದೆ. ಹೆದರಿಸುವ ಕಥೆಗಳ ಗತಿಯೂ ಹೆಚ್ಚುಕಡಿಮೆ ಹಾಗೆಯೇ. 2014ರ ಅಧ್ಯಯನವೊಂದರಲ್ಲಿ, ‘ತೋಳ ಬಂತು’ ಎಂದು ಕೂಗಿ ಕೆಟ್ಟ ಹುಡುಗನ ಕಥೆಯಿಂದ ಮಕ್ಕಳ ಪ್ರಾಮಾಣಿಕತೆ ಹೆಚ್ಚಲಿಲ್ಲ. ಮರ ಕಡಿದದ್ದನ್ನು ಒಪ್ಪಿಕೊಂಡು ತಂದೆಯ ಮೆಚ್ಚುಗೆ ಪಡೆದ ಜಾರ್ಜ್ ವಾಷಿಂಗ್ಟನ್‌ ಕಥೆಯಿಂದ ಹೆಚ್ಚಿತು.

ಹಾಗಾಗಿ, ಉತ್ತರ ಗೊತ್ತಿರುವಾಗ ಪ್ರಶ್ನೆ ಕೇಳಬೇಡಿ. ಗೋಡೆಯ ಮೇಲೆ ಗೀಚಿದ್ದು ಕಂಡಾಗ ‘ಯಾರು ಮಾಡಿದ್ದು?’ ಎಂಬುದು ಮಗುವಿಗೆ ನಾವೇ ತೋಡುವ ಗುಂಡಿ. ‘ಗೋಡೆಗೆ ಬಣ್ಣ ಹತ್ತಿದೆ, ಬಟ್ಟೆ ತಗೊಂಡು ಬಾ, ಒರೆಸೋಣ’ ಎಂದರೆ ತಪ್ಪು ತಿದ್ದಿದಂತಾಯಿತು, ಸುಳ್ಳಿಗೆ ಎಡೆಯೂ ಇಲ್ಲವಾಯಿತು. ಕೇಳಲೇಬೇಕಾದ ಸಂದರ್ಭದಲ್ಲಿ, ‘ನಿಜ ಹೇಳುತ್ತೇನೆ ಅಂತ ಮಾತು ಕೊಡ್ತೀಯಾ?’ ಎಂದು ಮೊದಲೇ ಕೇಳುವುದರಿಂದ ನಿಜ ಹೇಳುವವರು ಹೆಚ್ಚುತ್ತಾರೆಂದು ಪ್ರಯೋಗಗಳು ತೋರಿಸಿವೆ. ಅವಳು ಒಪ್ಪಿಕೊಂಡ ದಿನ ಆ ಒಪ್ಪಿಗೆಗೆ ಮೆಚ್ಚುಗೆ ಮೊದಲು ಬರಲಿ, ತಪ್ಪಿನ ಮಾತು ಆಮೇಲೆ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಸುಳ್ಳು ದಿನದ ರೂಢಿಯಾಗಿ, ಅದರ ಜೊತೆ ಕಳವು ಅಥವಾ ಇತರರನ್ನು ನೋಯಿಸುವುದು ಸೇರಿಕೊಂಡರೆ ಮಾತ್ರ ಮಕ್ಕಳ ಮನೋವಿಜ್ಞಾನಿಯನ್ನು ಕಾಣಬೇಕಾಗುತ್ತದೆ.

ಚಾರ್ಲ್ಸ್ ಡಾರ್ವಿನ್ ಕೂಡ ಇದನ್ನು ಮನೆಯಲ್ಲೇ ಕಂಡವರು. ಎರಡೂವರೆ ವರ್ಷ ದಾಟಿದ ಮಗ, ಉಪ್ಪಿನಕಾಯಿಯ ರಸ ಮೆತ್ತಿದ ಮೇಲಂಗಿಯನ್ನು ಜೋಪಾನವಾಗಿ ಸುರುಳಿ ಸುತ್ತಿಕೊಂಡು ಊಟದ ಕೋಣೆಯಿಂದ ಹೊರಬಂದದ್ದನ್ನು ಅವರು 1877ರ ಲೇಖನವೊಂದರಲ್ಲಿ ದಾಖಲಿಸಿದ್ದಾರೆ. ಮಗುವಿನ ಒಳ್ಳೆಯ ಭಾವನೆಗಳನ್ನಷ್ಟೇ ನಂಬಿ ಬೆಳೆಸಿದ್ದರಿಂದ ಅವನು ಬೇಗನೆ ಸತ್ಯವಂತನೂ ಮೃದುಹೃದಯಿಯೂ ಆದನೆಂದು ಅವರು ಅಲ್ಲಿಯೇ ಬರೆದಿದ್ದಾರೆ.