ಜೇಬಿನಲ್ಲಿ ತಿರುಗುತ್ತಿದ್ದ ತಟ್ಟೆ

ಹಾಡು ಕೇಳುತ್ತಿರುವಾಗ ನಡುನಡುವೆ ಅದು ಅಂಗೈಯಲ್ಲಿ ಸಣ್ಣಗೆ ನಡುಗುತ್ತಿತ್ತು. ಇಯರ್‌ಫೋನ್ ತೆಗೆದು ಪ್ಲೇಯರನ್ನೇ ಕಿವಿಗೆ ಹಚ್ಚಿದರೆ ಒಳಗಿನಿಂದ ಸುಯ್ ಎಂಬ ಸದ್ದು, ಬೆನ್ನಿಗೇ ಟಿಕ್ ಟಿಕ್ ಎಂಬ ಸಪ್ಪಳ, ಸ್ವಲ್ಪ ಹೊತ್ತಿಗೆ ಮತ್ತೆ ಮೌನ. ಜೇಬಿನೊಳಗೆ ನಿಜಕ್ಕೂ ಒಂದು ತಟ್ಟೆ ತಿರುಗುತ್ತಿತ್ತು. 30 ಜಿಬಿಯ ಆ ಪ್ಲೇಯರನ್ನು ಹೊರದೇಶದಲ್ಲಿದ್ದ ಚಿಕ್ಕಪ್ಪ ತಂದುಕೊಟ್ಟಿದ್ದರು. ಮನೆಯ ಗೋಡೆಕಪಾಟಿನ ತುಂಬ ಇದ್ದ ಕ್ಯಾಸೆಟ್ಟುಗಳೆಲ್ಲ ಅದರೊಳಗೆ ಹಿಡಿಸಿ ಇನ್ನೂ ಮುಕ್ಕಾಲು ಪಾಲು ಜಾಗ ಉಳಿದದ್ದನ್ನು ಕಂಡು ಅಪ್ಪ ನಂಬಲಿಲ್ಲ. ಎರಡು ಸಲ ಲೆಕ್ಕ ಹಾಕಿಸಿದರು.

ಈಗ ಹಾಡು ಎಲ್ಲಿಂದಲೋ ಹರಿದು ಬರುತ್ತದೆ, ಹರಿದು ಹೋಗುತ್ತದೆ. ಸಂಗ್ರಹ ಪೂರ್ತಿಯಾಗಿ ಕೇಳುಗನ ಕೈಯಲ್ಲೇ ಇದ್ದ ಕಾಲವೊಂದಿತ್ತು. ಅದು 1999ರಿಂದ 2014ರವರೆಗಿನ ಹದಿನೈದು ವರ್ಷ ಮಾತ್ರ. ಆ ಕಾಲ ಹೇಗೆ ಬಂತು, ಯಾಕೆ ಹೋಯಿತು ಎಂಬುದು ಯಂತ್ರದ ಕಥೆಯಷ್ಟೇ ಅಲ್ಲ. ಹಾಡು ಯಾರದ್ದು ಎಂಬ ಜಗಳದ ಕಥೆಯೂ ಹೌದು.

1979ರ ಜುಲೈಯಲ್ಲಿ ಸೋನಿ ವಾಕ್‌ಮನ್ ಬಂದಾಗ ಹಾಡು ಕೇಳುತ್ತ ನಡೆಯುವುದು ಸಾಧ್ಯವಾಯಿತು. ಆದರೆ ಜೊತೆಗೆ ಒಯ್ಯಲಾಗುತ್ತಿದ್ದುದು ಒಂದೋ ಎರಡೋ ಕ್ಯಾಸೆಟ್. ಸಿಡಿ ಬಂದ ಮೇಲೂ ಅಷ್ಟೇ. ಸಿಡಿಯಲ್ಲಿ ಒಂದು ಸೆಕೆಂಡ್ ಸಂಗೀತಕ್ಕೆ ಸುಮಾರು 1,411 ಕಿಲೋಬಿಟ್ ಬೇಕು. ಜರ್ಮನಿಯ ಎರ್ಲಾಂಗೆನ್‌ನ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬರ್ಗ್ ಮತ್ತು ಸಂಗಡಿಗರು ಇದನ್ನು 128 ಕಿಲೋಬಿಟ್‌ಗೆ ಇಳಿಸುವ ದಾರಿ ಹುಡುಕಿದರು. ಚೆಂಡೆ ಬಾರಿಸುವಾಗ ಪಕ್ಕದವರ ಪಿಸುಮಾತು ಕೇಳುವುದಿಲ್ಲವಲ್ಲ, ಹಾಗೆ ದೊಡ್ಡ ಸದ್ದಿನ ಮರೆಯಲ್ಲಿ ಅಡಗುವ ಸಣ್ಣ ಸದ್ದನ್ನು ಕಿವಿ ಹೇಗೂ ಗ್ರಹಿಸದು. ಅದನ್ನು ಬಿಟ್ಟುಬಿಟ್ಟರೆ ಕಡತ ಹನ್ನೊಂದನೇ ಒಂದು ಪಾಲಿಗೆ ಇಳಿಯುತ್ತದೆ. 1995ರ ಜುಲೈಯಲ್ಲಿ ಆ ಕಡತಗಳ ಹೆಸರಿನ ಕೊನೆಗೆ ಎಂಪಿ3 ಎಂಬ ಬಾಲ ನಿಕ್ಕಿಯಾಯಿತು.

ಮೂರು ವರ್ಷದಲ್ಲಿ ಜೇಬಿನ ಪ್ಲೇಯರ್ ಬಂತು. 1998ರಲ್ಲಿ ದಕ್ಷಿಣ ಕೊರಿಯಾದ ಸೇಹಾನ್ ಕಂಪನಿ ಎಂಪಿಮ್ಯಾನ್ ತಂದಿತು. ಅದೇ ವರ್ಷ ಅಮೆರಿಕದಲ್ಲಿ ಡೈಮಂಡ್ ಕಂಪನಿಯ ರಿಯೋ ಬಂತು. ಎರಡರಲ್ಲೂ ಇದ್ದುದು 32 ಎಂಬಿ ಚಿಪ್, ಅಂದರೆ ಅರ್ಧ ಗಂಟೆಯ ಹಾಡು. ಕ್ಯಾಸೆಟ್ಟಿನ ಒಂದು ಬದಿಯಷ್ಟು.

ಇಷ್ಟು ಸಣ್ಣ ವಸ್ತುವಿನ ಮೇಲೆ ಅಮೆರಿಕದ ಧ್ವನಿಮುದ್ರಣ ಕಂಪನಿಗಳ ಸಂಘ 1998ರ ಅಕ್ಟೋಬರ್‌ನಲ್ಲಿ ಮೊಕದ್ದಮೆ ಹೂಡಿತು. ಡಿಜಿಟಲ್ ರೆಕಾರ್ಡರ್ ಮಾರುವವರು ರಾಯಧನ ಕಟ್ಟಬೇಕು, ನಕಲಿನ ಮೇಲೆ ನಕಲು ಆಗದಂತೆ ತಡೆ ಇಡಬೇಕು ಎಂದು 1992ರ ಕಾಯ್ದೆ ಹೇಳುತ್ತಿತ್ತು. ರಿಯೋ ಅದನ್ನು ಪಾಲಿಸಿಲ್ಲ ಎಂಬುದು ದೂರು. 1999ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ರಿಯೋ ನಕಲು ಮಾಡಿಕೊಳ್ಳುವುದು ಕಂಪ್ಯೂಟರಿನ ಹಾರ್ಡ್ ಡಿಸ್ಕ್‌ನಿಂದ, ಹಾರ್ಡ್ ಡಿಸ್ಕ್ ಎಂಬುದು ಕಾಯ್ದೆ ಹೇಳುವ ಸಂಗೀತದ ಮುದ್ರಿಕೆಯಲ್ಲ, ಹಾಗಾಗಿ ರಿಯೋ ಈ ಕಾಯ್ದೆಯೊಳಗೆ ಬರುವುದಿಲ್ಲ ಎಂದಿತು. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿತು. ತನ್ನಲ್ಲಿ ಈಗಾಗಲೇ ಇರುವ ಹಾಡನ್ನು ಒಯ್ಯಲು ಅನುಕೂಲವಾಗಲೆಂದು ಇನ್ನೊಂದು ಜಾಗಕ್ಕೆ ಹಾಕಿಕೊಳ್ಳುವುದು ಸ್ವಂತ ಬಳಕೆಯೇ ಆಗುತ್ತದೆ. ಮುಂದೆ ಬಂದ ಪ್ಲೇಯರುಗಳೆಲ್ಲ ಈ ತೀರ್ಪಿನ ನೆರಳಿನಲ್ಲೇ ಬೆಳೆದವು. ತೀರ್ಪು ಬೇರೆಯಾಗಿದ್ದರೆ ನನ್ನ ಜೇಬಿಗೆ ತಟ್ಟೆ ಬರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಚಿಪ್ ಆಗ ತೀರ ದುಬಾರಿ. ಜಾಗ ಬೇಕಾದರೆ ಹಾರ್ಡ್ ಡಿಸ್ಕ್ ಒಂದೇ ಗತಿ. ಅದನ್ನು ಮೊದಲು ಮಾಡಿ ತೋರಿಸಿದವರ ಹೆಸರು ಇಂದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊದಲ್ಲಿದ್ದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಸಂಶೋಧಕರು 1998ರಲ್ಲಿ ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕನ್ನು ಪ್ಲೇಯರಿಗೆ ಅಳವಡಿಸುವ ಕೆಲಸಕ್ಕೆ ಕೈಹಾಕಿದರು. ಅದೇ ವರ್ಷ ಕಂಪನಿ ಕಾಂಪ್ಯಾಕ್ ಪಾಲಾಯಿತು. ಪ್ಲೇಯರನ್ನು ತಯಾರಿಸಿ ಮಾರಿದ್ದು ಕೊರಿಯಾದ ಹ್ಯಾಂಗೋ ಕಂಪನಿ. 1999ರ ಕೊನೆಗೆ ‘ಪರ್ಸನಲ್ ಜ್ಯೂಕ್‌ಬಾಕ್ಸ್’ ಎಂಬ ಹೆಸರಲ್ಲಿ ಹೊರಬಂದ ಅದರಲ್ಲಿ 4.8 ಜಿಬಿ ಜಾಗವಿತ್ತು, ಎಂಬತ್ತು ಗಂಟೆಗೂ ಮೀರಿದ ಸಂಗೀತ. ಮರುವರ್ಷ ಸಿಂಗಪುರದ ಕ್ರಿಯೇಟಿವ್ ಕಂಪನಿ 6 ಜಿಬಿಯ ನೋಮ್ಯಾಡ್ ಜ್ಯೂಕ್‌ಬಾಕ್ಸ್ ತಂದಿತು. ನೋಡಲು ಸಿಡಿ ಪ್ಲೇಯರಿನಂತಿದ್ದ ಅದು ಚೀಲಕ್ಕೆ ಸರಿ, ಜೇಬಿಗಲ್ಲ.

ಜೇಬಿಗೆ ಇಳಿಸಿದ್ದು ತೋಶಿಬಾದ 1.8 ಇಂಚಿನ ಡಿಸ್ಕ್. 2001ರ ಫೆಬ್ರುವರಿಯಲ್ಲಿ ಆ್ಯಪಲ್‌ನ ಜಾನ್ ರೂಬಿನ್‌ಸ್ಟೈನ್ ಜಪಾನಿಗೆ ಹೋಗಿದ್ದಾಗ ತೋಶಿಬಾದವರು ಈ ಪುಟ್ಟ ಡಿಸ್ಕ್ ತೋರಿಸಿದರು. ಇದನ್ನು ಯಾವುದಕ್ಕೆ ಬಳಸುವುದೆಂದು ಅವರಿಗೇ ಸ್ಪಷ್ಟವಿರಲಿಲ್ಲ. ಎಂಟೇ ತಿಂಗಳಲ್ಲಿ, ಅಕ್ಟೋಬರ್ 23ರಂದು, 5 ಜಿಬಿಯ ಐಪಾಡ್ ಘೋಷಣೆಯಾಯಿತು. ಬೆಲೆ 399 ಡಾಲರ್, ತೂಕ ಸುಮಾರು 185 ಗ್ರಾಂ. ಅದರಲ್ಲಿ ಸಾವಿರ ಹಾಡು ಹಿಡಿಯುತ್ತದೆ ಎಂದು ಆ್ಯಪಲ್ ಹೇಳಿದ್ದರಲ್ಲಿ ಉತ್ಪ್ರೇಕ್ಷೆಯಿಲ್ಲ: 160 ಕಿಲೋಬಿಟ್‌ನಲ್ಲಿ ನಾಲ್ಕು ನಿಮಿಷದ ಹಾಡಿಗೆ 4.8 ಎಂಬಿ ಬೇಕು, ಸಾವಿರಕ್ಕೆ ಗುಣಿಸಿ ನೋಡಿ. ಅದರ ಮುಖ್ಯ ಚಿಪ್ಪನ್ನೂ ಒಳಗಿನ ತಂತ್ರಾಂಶದ ತಳಹದಿಯನ್ನೂ ಕೊಟ್ಟ ಪೋರ್ಟಲ್‌ಪ್ಲೇಯರ್ ಎಂಬ ಕಂಪನಿಗೆ ಹೈದರಾಬಾದಿನಲ್ಲೂ ಕಚೇರಿಯಿತ್ತು.

ಆದರೆ ನಿಮಿಷಕ್ಕೆ 4,200 ಸುತ್ತು ಹಾಕುವ ತಟ್ಟೆಯನ್ನು, ಅದರ ಮೇಲೆ ಕೂದಲೆಳೆಗಿಂತ ಸಾವಿರಾರು ಪಟ್ಟು ಕಿರಿದಾದ ಅಂತರದಲ್ಲಿ ತೇಲುವ ಓದುಮೊನೆಯನ್ನು, ಓಡುವವನ ಜೇಬಿನಲ್ಲಿ ಉಳಿಸಿಕೊಳ್ಳುವುದು ಹೇಗೆ? ಉತ್ತರ ಸೊಗಸಾಗಿದೆ. ತಟ್ಟೆಯನ್ನು ಆದಷ್ಟು ತಿರುಗಿಸದೆ ಇರುವುದು. ಪ್ಲೇಯರ್ ಒಮ್ಮೆ ಡಿಸ್ಕನ್ನು ಎಬ್ಬಿಸಿ, ಮುಂದಿನ ಐದಾರು ಹಾಡುಗಳನ್ನು ಒಟ್ಟಿಗೆ 32 ಎಂಬಿಯ ಮೆಮೊರಿಗೆ ತುಂಬಿಕೊಂಡು ಡಿಸ್ಕನ್ನು ಮಲಗಿಸುತ್ತಿತ್ತು. ಸುಮಾರು ಇಪ್ಪತ್ತು ನಿಮಿಷ ಅದರ ಗೊಡವೆಯೇ ಇಲ್ಲ. ಕುಲುಕಿದರೂ ಹಾಡು ತಪ್ಪದು, ಬ್ಯಾಟರಿಯೂ ಉಳಿಯುತ್ತದೆ. ನನ್ನ ಅಂಗೈಗೆ ತಾಗುತ್ತಿದ್ದ ಆ ನಡುಕ ಡಿಸ್ಕ್ ಎಚ್ಚರಗೊಳ್ಳುವ ಗಳಿಗೆಯದು. ಹಾಡುಗಳನ್ನು ಮೇಲಿಂದ ಮೇಲೆ ದಾಟಿಸುವ ಚಾಳಿಯವರ ಬ್ಯಾಟರಿ ಬೇಗ ಮುಗಿಯುತ್ತಿದ್ದುದೂ ಇದಕ್ಕೇ. ಪ್ರತಿ ಸಲ ದಾಟಿಸಿದಾಗಲೂ ತುಂಬಿಟ್ಟದ್ದು ಖರ್ಚಾಗಿ ತಟ್ಟೆ ಬೇಗನೆ ಮತ್ತೆ ಏಳಬೇಕಿತ್ತು.

ಅಷ್ಟು ಸಣ್ಣ ತಟ್ಟೆಯಲ್ಲಿ ಅಷ್ಟೊಂದು ಹಿಡಿಸಿದ್ದರ ಹಿಂದೆ ಶುದ್ಧ ಭೌತವಿಜ್ಞಾನವಿದೆ. 1988ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಫೆರ್, ಜರ್ಮನಿಯ ಪೀಟರ್ ಗ್ರುನ್‌ಬರ್ಗ್ ಬೇರೆಬೇರೆಯಾಗಿಯೇ ಒಂದು ವಿದ್ಯಮಾನ ಕಂಡುಕೊಂಡರು. ಲೋಹದ ಅತಿ ತೆಳು ಪದರಗಳನ್ನು ಒಂದರ ಮೇಲೊಂದು ಜೋಡಿಸಿದರೆ ತೀರ ಸಣ್ಣ ಕಾಂತಕ್ಷೇತ್ರಕ್ಕೂ ಅವುಗಳ ವಿದ್ಯುತ್ ರೋಧ ದೊಡ್ಡದಾಗಿ ಬದಲಾಗುತ್ತದೆ. ಐಬಿಎಂ 1997ರಲ್ಲಿ ಇದನ್ನೇ ಬಳಸಿದ ಓದುಮೊನೆಯ ಡಿಸ್ಕನ್ನು ಮಾರುಕಟ್ಟೆಗೆ ತಂದಿತು. 2007ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದೇ ವರ್ಷ ಐಪಾಡಿನ ಜಾಗ 160 ಜಿಬಿಗೆ ಏರಿತ್ತು.

ಯಂತ್ರದ ಮಾತು ಇಷ್ಟು ಸಾಕು. ಅದನ್ನು ತುಂಬಿಸುವ ಕೆಲಸದ ಬಗ್ಗೆ ಹೇಳಬೇಕು.

ನಮ್ಮ ಮನೆಯ ಕಪಾಟಿನಲ್ಲಿ ಸಿನಿಮಾ ಹಾಡಿಗಿಂತ ಹೆಚ್ಚಿದ್ದುದು ತಾಳಮದ್ದಳೆ, ಅಂದರೆ ವೇಷ, ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನ. ದಕ್ಷಿಣ ಕನ್ನಡದ ಅನೇಕ ಮನೆಗಳಲ್ಲಿ ಹಾಗೆಯೇ. ಕಂಪನಿ ಹೊರತಂದ ಕ್ಯಾಸೆಟ್ಟುಗಳೂ ಇದ್ದವು, ಕೂಟಕ್ಕೆ ಟೇಪ್‌ರೆಕಾರ್ಡರ್ ಒಯ್ದು ಯಾರೋ ಹಿಡಿದುಕೊಂಡು ಬಂದದ್ದರ ಪ್ರತಿಗಳೂ ಇದ್ದವು. ಒಂದು ಪ್ರಸಂಗಕ್ಕೆ ಮೂರು ಕ್ಯಾಸೆಟ್, ಆರು ಬದಿ. ಟೇಪ್‌ರೆಕಾರ್ಡರಿನಿಂದ ಕಂಪ್ಯೂಟರಿಗೆ ತಂತಿ ಎಳೆದು ಒಂದೊಂದೇ ಬದಿಯನ್ನು ಓಡಿಸಬೇಕು. ಅರ್ಧ ಗಂಟೆಯ ಬದಿಗೆ ಪೂರ್ತಿ ಅರ್ಧ ಗಂಟೆ. ಇದರಲ್ಲಿ ಒಳದಾರಿಯಿಲ್ಲ. ನಾನು ಎರಡು ಮಳೆಗಾಲ ಆ ಕೆಲಸಕ್ಕೆ ಕೂತೆ. ಕರೆಂಟು ಹೋದರೆ ಮೊದಲಿನಿಂದ.

ಆಮೇಲೆ ಹೆಸರಿಡುವ ಕಷ್ಟ. ಎಂಪಿ3 ಕಡತದ ಬಾಲಕ್ಕೆ ಹೆಸರಿನ ಚೀಟಿ ಅಂಟಿಸುವ ಪದ್ಧತಿ 1996ರಲ್ಲಿ ಶುರುವಾಯಿತು. ಹಾಡಿನ ಹೆಸರಿಗೆ 30 ಬೈಟ್, ಕಲಾವಿದರಿಗೆ 30, ಆಲ್ಬಮ್ಮಿಗೆ 30. ಲ್ಯಾಟಿನ್ ಅಕ್ಷರವನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಚೀಟಿ ಅದು. ಮುಂದಿನ ಆವೃತ್ತಿ ಯುನಿಕೋಡ್‌ಗೆ ಜಾಗ ಕೊಟ್ಟಿತು, ಆದರೆ ನನ್ನ ಪ್ಲೇಯರಿನ ಪರದೆಯಲ್ಲಿ ಕನ್ನಡದ ಬದಲು ಖಾಲಿ ಚೌಕಗಳು ಸಾಲುಗಟ್ಟಿದವು. ಕೊನೆಗೆ ಎಲ್ಲವನ್ನೂ ಇಂಗ್ಲಿಷ್ ಲಿಪಿಯಲ್ಲೇ ಬರೆದೆ. ಆ ಮೊದಲ ಪದ್ಧತಿಯಲ್ಲಿ ಸಂಗೀತದ ಬಗೆಗಳ ಪಟ್ಟಿಯೊಂದಿತ್ತು, ಬ್ಲೂಸ್‌ನಿಂದ ಹಾರ್ಡ್ ರಾಕ್‌ವರೆಗೆ ಒಟ್ಟು 80. ಜಾನಪದಕ್ಕೆ ಅದರಲ್ಲಿ ಜಾಗವಿರಲಿಲ್ಲ, ನಂತರ ಸೇರಿಸಿದರು. ಹಿಂದೂಸ್ತಾನಿ, ಕರ್ನಾಟಕ ಸಂಗೀತ, ಯಕ್ಷಗಾನ ಎಲ್ಲವನ್ನೂ ಒಟ್ಟಿಗೆ ‘ಎಥ್ನಿಕ್’ ಎಂಬ ಒಂದೇ ಗೂಡಿಗೆ ನೂಕಬೇಕಿತ್ತು. ಇದು ನನಗೆ ಇಂದಿಗೂ ನೋವಿನ ವಿಷಯ.

‘ಆರ್ಟಿಸ್ಟ್’ ಯಾರು ಎಂಬುದು ಇನ್ನೂ ಜಟಿಲ. ಪುರಂದರದಾಸರ ಪದವನ್ನು ಭೀಮಸೇನ ಜೋಶಿ ಹಾಡಿದ್ದಾರೆ. ಬಸವಣ್ಣನವರ ವಚನವನ್ನು ಮಲ್ಲಿಕಾರ್ಜುನ ಮನ್ಸೂರ್ ಹಾಡಿದ್ದಾರೆ. ಕೇಳುವವನು ಒಮ್ಮೆ ದಾಸರನ್ನು ಹುಡುಕುತ್ತಾನೆ, ಒಮ್ಮೆ ಜೋಶಿಯವರನ್ನು. ಭಾವಗೀತೆಯಲ್ಲಿ ಕವಿ ಬೇರೆ, ರಾಗ ಹಾಕಿದವರು ಬೇರೆ, ಹಾಡಿದವರು ಬೇರೆ, ಮೂವರಿಗೂ ಸಮಾನ ಗೌರವ. ಕವಿಯ ಹೆಸರನ್ನು ನಾನು ‘ಕಂಪೋಸರ್’ ಜಾಗಕ್ಕೆ ಹಾಕಿದೆ. ತಾಳಮದ್ದಳೆಯಲ್ಲಿ ಹಾಡುವ ಭಾಗವತರು ಮೊದಲೋ, ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು ಮೊದಲೋ? ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವಿದ್ದ ಕ್ಯಾಸೆಟ್ಟುಗಳನ್ನು ಅಪ್ಪ ಯಾವತ್ತೂ ‘ಶೇಣಿಯವರದ್ದು’ ಎಂದೇ ಕೇಳುತ್ತಿದ್ದರು. ಹಾಗಾಗಿ ಅವು ‘ಶ’ಕಾರದಲ್ಲೇ ಉಳಿದವು. ಹೀಗೆ ಒಂದೊಂದು ಮನೆಯ ಪ್ಲೇಯರಿನಲ್ಲೂ ಒಂದೊಂದು ಬಗೆಯ ವಿಂಗಡಣೆ ಬೆಳೆಯಿತು. ತನ್ನ ಸಂಗ್ರಹವನ್ನು ತಾನೇ ಮುಟ್ಟಿ, ಕೇಳಿ, ಹೆಸರಿಟ್ಟು ಜೋಡಿಸಿದವನಿಗೆ ಅದು ಆಳವಾಗಿ ತನ್ನದಾಗುತ್ತದೆ.

ಕರ್ನಾಟಕದ ಹೆಚ್ಚಿನ ಜನರ ಕೈಗೆ ಇಂಥ ಪ್ಲೇಯರ್ ಬರಲೇ ಇಲ್ಲ ಎಂಬುದನ್ನೂ ಹೇಳಬೇಕು. ಅವರು ಕ್ಯಾಸೆಟ್ಟಿನಿಂದ ಎಂಪಿ3 ಸಿಡಿಗೆ, ಅಲ್ಲಿಂದ ಮೊಬೈಲಿನ ಮೆಮೊರಿ ಕಾರ್ಡಿಗೆ ಬಂದರು. ಪೇಟೆಯ ಮೊಬೈಲ್ ಅಂಗಡಿಯ ಕಂಪ್ಯೂಟರಿನಲ್ಲಿ ಹಾಡುಗಳ ರಾಶಿಯೇ ಇರುತ್ತಿತ್ತು. ಕಾರ್ಡ್ ಕೊಟ್ಟರೆ ಜಾನಪದ, ರಾಜ್‌ಕುಮಾರ್ ಹಾಡು, ಭಕ್ತಿಗೀತೆ ಎಂದು ಕೇಳಿದ್ದನ್ನು ತುಂಬಿಸಿಕೊಡುತ್ತಿದ್ದರು. ಇಡೀ ಊರಿಗೆ ಒಂದೇ ಹಾರ್ಡ್ ಡಿಸ್ಕ್. ಹಕ್ಕಿನ ಲೆಕ್ಕದಲ್ಲಿ ಅದು ತಪ್ಪೇ, ಹಾಡಿದವರಿಗೆ ಅದರಿಂದ ಬಿಡಿಗಾಸೂ ಸಿಗಲಿಲ್ಲ.

ಕಂಪನಿಗಳು ಸುಮ್ಮನಿರಲಿಲ್ಲ. 2003ರ ಏಪ್ರಿಲ್‌ನಲ್ಲಿ ಆ್ಯಪಲ್ ಹಾಡೊಂದಕ್ಕೆ 99 ಸೆಂಟ್‌ನಂತೆ ಮಾರುವ ಅಂಗಡಿ ತೆರೆದಾಗ ಪ್ರತಿ ಹಾಡಿಗೂ ಬೀಗವಿತ್ತು, ನಿಗದಿಯಾದಷ್ಟೇ ಕಂಪ್ಯೂಟರುಗಳಲ್ಲಿ ಕೇಳಬಹುದಿತ್ತು. ಐಪಾಡಿಗೆ ಹಾಕಿದ ಕಡತಗಳು ಮರೆಯಲ್ಲಿಟ್ಟ ಫೋಲ್ಡರುಗಳಲ್ಲಿ ನಾಲ್ಕಕ್ಷರದ ಅರ್ಥವಿಲ್ಲದ ಹೆಸರಿನಲ್ಲಿ ಕೂರುತ್ತಿದ್ದವು. ಒಳಗೆ ಹಾಕುವುದು ಸಲೀಸು, ಹೊರಗೆ ತೆಗೆಯುವುದು ಪ್ರಯಾಸ. ಆದರೂ 2007ರ ಫೆಬ್ರುವರಿಯ ಬಹಿರಂಗ ಪತ್ರದಲ್ಲಿ ಸ್ಟೀವ್ ಜಾಬ್ಸ್ ಕೊಟ್ಟ ಲೆಕ್ಕ ನೋಡಿ: ಒಂದು ಐಪಾಡಿಗೆ ಸರಾಸರಿ 22 ಹಾಡು ಮಾತ್ರ ಆ ಅಂಗಡಿಯಿಂದ ಕೊಂಡದ್ದು, ಅಂದರೆ ಶೇಕಡ 3ಕ್ಕಿಂತ ಕಡಿಮೆ. ಉಳಿದದ್ದೆಲ್ಲ ಜನ ಬೇರೆ ಕಡೆಯಿಂದ ತಾವೇ ಕೂಡಿಹಾಕಿದ್ದು. 2009ರಲ್ಲಿ ಬೀಗ ತೆಗೆದರು.

ಇತ್ತ ಚಿಪ್ ಅಗ್ಗವಾಗುತ್ತ ಬಂತು. 2004ರಲ್ಲಿ ಒಂದು ಇಂಚಿನ ಡಿಸ್ಕ್ ಇಟ್ಟು ತಂದ ಐಪಾಡ್ ಮಿನಿಯನ್ನು ಮರುವರ್ಷವೇ ಚಿಪ್ಪಿನ ನ್ಯಾನೊ ಬದಿಗೊತ್ತಿತು. 2007ರಲ್ಲಿ ಐಫೋನ್ ಬಂತು. ದೊಡ್ಡ ಸಂಗ್ರಹವಿದ್ದವರಿಗೆಂದು ಉಳಿದಿದ್ದ ಐಪಾಡ್ ಕ್ಲಾಸಿಕ್ 2014ರ ಸೆಪ್ಟೆಂಬರ್‌ನಲ್ಲಿ ನಿಂತುಹೋಯಿತು. ಅದಕ್ಕೆ ಬೇಕಾದ ಬಿಡಿಭಾಗಗಳೇ ಇನ್ನು ಸಿಗುವುದಿಲ್ಲ ಎಂದು ಆ್ಯಪಲ್‌ನ ಟಿಮ್ ಕುಕ್ ಕಾರಣ ಕೊಟ್ಟರು.

ಎರಡು ವರ್ಷದ ಬಳಿಕ ಜಿಯೋ ಬಂದು ಡೇಟಾ ಅಗ್ಗವಾಯಿತು, ನಮ್ಮಲ್ಲೂ ಕೂಡಿಹಾಕುವ ಅಭ್ಯಾಸ ತಪ್ಪಿತು. ತಪ್ಪಿದ್ದರ ಬೆಲೆ ಈಗ ಕಾಣುತ್ತಿದೆ. 2023ರ ಮಾರ್ಚ್‌ನಲ್ಲಿ ಒಪ್ಪಂದ ಮುರಿದು ಜೀ ಮ್ಯೂಸಿಕ್‌ನ ಹಾಡುಗಳು ಸ್ಪಾಟಿಫೈ ಎಂಬ ಹಾಡಿನ ಆ್ಯಪ್‌ನಿಂದ ಮಾಯವಾದವು. 2024ರ ಜನವರಿ ಕೊನೆಗೆ ಭಾರತದಲ್ಲಿ ಅಂಥದೇ ಆ್ಯಪ್ ರೆಸ್ಸೊ ಮುಚ್ಚಿತು, ಅದೇ ವರ್ಷ ಏರ್‌ಟೆಲ್ ತನ್ನ ಹಾಡಿನ ಆ್ಯಪ್ ವಿಂಕ್ ಮುಚ್ಚುವುದಾಗಿ ಹೇಳಿತು. ವರ್ಷಗಟ್ಟಲೆ ಜೋಡಿಸಿದ ಪಟ್ಟಿಗಳು ಜೊತೆಗೇ ಹೋದವು. ಇನ್ನು ಕೂಟದಲ್ಲಿ ಹಿಡಿದ ತಾಳಮದ್ದಳೆ ಅಂಥ ಕಡೆ ಮೊದಲಿನಿಂದಲೂ ಇರಲಿಲ್ಲ.

ನನ್ನ ಪ್ಲೇಯರಿನ ಡಿಸ್ಕ್ ಕೆಲ ವರ್ಷಗಳ ಹಿಂದೆ ಕಟಕಟ ಎಂದು ನಿಂತಿತು. ಆ ಕಾಲದ ಪುಟ್ಟ ಡಿಸ್ಕುಗಳು ಮಾತಾಡುತ್ತಿದ್ದ ವಿದ್ಯುತ್ ಭಾಷೆಯನ್ನೇ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡುಗಳೂ ಮಾತಾಡುತ್ತವೆ. ನಡುವೆ ಬೆರಳಗಲದ ಒಂದು ಅಡಾಪ್ಟರ್ ಇಟ್ಟರೆ ಪ್ಲೇಯರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಸಣ್ಣ ಅಂಗಡಿಯೊಂದರಲ್ಲಿ ಹುಡುಗನೊಬ್ಬ ಅರ್ಧ ಗಂಟೆಯಲ್ಲಿ ಬೆನ್ನು ಬಿಚ್ಚಿ ಕಾರ್ಡ್ ಕೂರಿಸಿ, ಊದಿಕೊಂಡಿದ್ದ ಬ್ಯಾಟರಿಯನ್ನೂ ಬದಲಿಸಿ ಕೊಟ್ಟ. ಈಗ ಅಂಗೈಗೆ ಆ ನಡುಕವಿಲ್ಲ. ಒಂದೊಂದು ಪ್ರಸಂಗದ ಬದಿಗಳೂ ಒಂದರಿಂದ ಆರರವರೆಗೆ ಸಾಲಾಗಿ ಕೂತಿವೆ. ಕೃಷ್ಣ ಸಂಧಾನ ಒಂದರಲ್ಲಿ ಮಾತ್ರ ಐದೇ ಇವೆ. ಮೂರನೆಯ ಕ್ಯಾಸೆಟ್ಟನ್ನು ಯಾರೋ ಕೊಂಡೊಯ್ದು ಹಿಂದೆ ತಂದಾಗ ಅದರ ಎರಡನೇ ಬದಿಯ ಮೇಲೆ ಬೇರೇನೋ ರೆಕಾರ್ಡ್ ಆಗಿತ್ತು. ಪುತ್ತೂರು ಕಡೆಯ ಮನೆಯೊಂದರಲ್ಲಿ ಅದರ ಇನ್ನೊಂದು ಪ್ರತಿ ಇರಬಹುದೆಂದು ಅಪ್ಪ ಹೇಳುತ್ತಾರೆ. ಬರುವ ಮಳೆಗಾಲಕ್ಕೆ ಮೊದಲು ಟೇಪ್‌ರೆಕಾರ್ಡರ್ ಹಿಡಿದುಕೊಂಡು ಅಲ್ಲಿಗೆ ಹೋಗುವುದೆಂದು ಮಾತಾಗಿದೆ.