ಐದು ವಾಕ್ಯದ ಪತ್ರಕ್ಕೆ 608 ಸಾಕ್ಷಿಗಳು

1980ರ ಜನವರಿಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ಪುಟ್ಟ ಪತ್ರ ಬಂತು. ಸಂಶೋಧನಾ ಲೇಖನವಲ್ಲ, ಸಂಪಾದಕರಿಗೆ ಬರೆದ ಪತ್ರ. ಒಟ್ಟು ಐದೇ ವಾಕ್ಯ. ಆಸ್ಪತ್ರೆಯಲ್ಲಿ ಅಫೀಮು ಜಾತಿಯ ನೋವಿನ ಔಷಧ ಪಡೆದ 11,882 ರೋಗಿಗಳ ದಾಖಲೆ ನೋಡಿದೆವು, ಮೊದಲು ಚಟವಿಲ್ಲದವರಲ್ಲಿ ಹೊಸದಾಗಿ ಚಟ ಹತ್ತಿದ್ದು ನಾಲ್ಕು ಜನರಿಗೆ ಮಾತ್ರ. ಇಷ್ಟೇ ಅದರ ಸಾರ. ಮನೆಗೆ ಹೋಗಿ ತಿಂಗಳುಗಟ್ಟಲೆ ಮಾತ್ರೆ ನುಂಗಿದವರ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ.

ಮುಂದೆ ಏನಾಯಿತು ನೋಡಿ. ಆ ಪತ್ರವನ್ನು 608 ಬರಹಗಳು ಉಲ್ಲೇಖಿಸಿದವು. 2017ರಲ್ಲಿ ಕೆನಡಾದ ಕೆಲವು ಸಂಶೋಧಕರು ಕೂತು ಅಷ್ಟನ್ನೂ ಪರಿಶೀಲಿಸಿದರು. ಶೇ. 72.2ರಷ್ಟು ಬರಹಗಳು ‘ಇಂಥ ಔಷಧದಿಂದ ಚಟ ಹತ್ತುವುದು ಅಪರೂಪ’ ಎನ್ನುವುದಕ್ಕೆ ಅದನ್ನೇ ಪುರಾವೆ ಮಾಡಿಕೊಂಡಿದ್ದವು. ಆ ರೋಗಿಗಳು ಆಸ್ಪತ್ರೆಯೊಳಗೇ ಇದ್ದವರು ಎಂಬ ಮಾತು ಶೇ. 80.8ರಷ್ಟು ಬರಹಗಳಲ್ಲಿ ಇರಲೇ ಇಲ್ಲ. ಅಷ್ಟು ಹೊತ್ತಿಗೆ ಉತ್ತರ ಅಮೆರಿಕದಲ್ಲಿ ಈ ಮಾತ್ರೆಗಳ ಚಟ ದೊಡ್ಡ ಪಿಡುಗಾಗಿತ್ತು. ಪತ್ರಿಕೆ ಕೊನೆಗೆ ತನ್ನ ಹಳೆಯ ಪತ್ರದ ಮೇಲೆ ಓದುಗರಿಗೆ ಎಚ್ಚರಿಕೆಯ ಟಿಪ್ಪಣಿ ಹಾಕಿತು.

ಇಲ್ಲಿ ಯಾರೂ ಏನನ್ನೂ ಕದ್ದಿಲ್ಲ. ಹೆಸರು, ವರ್ಷ, ಸಂಪುಟ, ಪುಟ ಎಲ್ಲ ಕೊಟ್ಟಿದ್ದಾರೆ. ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರ್‌ಗೆ ಹಾಕಿದರೂ ಪಾಸಾಗುವ ಕೆಲಸ. ಆಕರ ಕೊಡುವುದನ್ನು ಕಲಿಸುವಾಗ ನಾವು ಕಳ್ಳತನದ ಭಯವನ್ನೇ ಜಾಸ್ತಿ ಹೇಳುತ್ತೇವೆ. ಕೊನೆಯ ಪಟ್ಟಿಗೆ ಕನ್ನಡದಲ್ಲಿ ‘ಗ್ರಂಥಋಣ’ ಎಂಬ ಚೆಂದದ ಹೆಸರೂ ಇದೆ. ಸಾಲ ತಂದಿದ್ದೀಯ, ಒಪ್ಪಿಕೋ ಅಂತ. ಅದು ಸರಿಯೇ. ಆದರೆ ಈ ಪದ್ಧತಿ ಬೆಳೆದು ಬಂದ ದಾರಿ ನೋಡಿದರೆ, ಋಣ ಒಪ್ಪಿಕೊಳ್ಳುವುದು ಅದರ ಅರ್ಧ ಕೆಲಸ ಅನಿಸುತ್ತದೆ. ಉಳಿದರ್ಧ, ಓದುವವನ ಕೈಗೆ ವಿಳಾಸ ಕೊಡುವುದು. ನಾನು ಹೇಳಿದ್ದು ಅಲ್ಲಿದೆಯಾ ಇಲ್ಲವಾ, ನೀನೇ ಹೋಗಿ ನೋಡು ಎನ್ನುವುದು.

ಹೆಸರು ಹೇಳುವ ಅಭ್ಯಾಸ ತೀರಾ ಹಳೆಯದು. ಪಾಣಿನಿಯ ಸಂಸ್ಕೃತ ವ್ಯಾಕರಣ ಗ್ರಂಥ ಅಷ್ಟಾಧ್ಯಾಯಿಯಲ್ಲಿ ಶಾಕಲ್ಯ, ಶಾಕಟಾಯನ, ಗಾರ್ಗ್ಯ ಮೊದಲಾದ ಹತ್ತು ಮಂದಿ ಹಿಂದಿನ ವೈಯಾಕರಣರ ಹೆಸರಿವೆ. ಉಚ್ಚಾರಣೆಯಲ್ಲಿ ಅರ್ಧ ಮಾತ್ರೆಯ ಕಾಲ ಉಳಿದರೆ ವೈಯಾಕರಣನಿಗೆ ಮಗ ಹುಟ್ಟಿದಷ್ಟು ಸಂಭ್ರಮ ಎಂಬ ಮಾತಿದೆಯಲ್ಲ, ಅಕ್ಷರದ ವಿಷಯದಲ್ಲಿ ಅಂಥ ಜಿಪುಣ ಗ್ರಂಥ ಅದು. ಅಲ್ಲೂ ‘ಲೋಪಃ ಶಾಕಲ್ಯಸ್ಯ’ (ಶಾಕಲ್ಯನ ಮತದಲ್ಲಿ ಲೋಪ) ಎಂದು ಸೂತ್ರದ ಹೊಟ್ಟೆಯಲ್ಲೇ ಹೆಸರಿಗೆ ಜಾಗ ಸಿಕ್ಕಿದೆ. ಗೌರವಕ್ಕಾಗಿ ಹೇಳಿದ್ದು ಅಂತ ವ್ಯಾಖ್ಯಾನಕಾರರು ಕೆಲವು ಕಡೆ ಹೇಳುತ್ತಾರೆ. ಇದು ಇಂಥವರ ಮತ, ಎಲ್ಲರದಲ್ಲ ಎಂದು ಬೇರೆ ಮಾಡಿ ಇಡುವ ಉಪಯೋಗವೂ ಅದರಿಂದ ಆಗುತ್ತದೆ.

ರೋಮ್‌ನ ಹಿರಿಯ ಪ್ಲಿನಿ ಕ್ರಿ.ಶ. 77ರ ಸುಮಾರಿಗೆ ಪ್ರಕೃತಿಯ ಬಗ್ಗೆ 37 ಭಾಗಗಳ ದೊಡ್ಡ ಗ್ರಂಥ ಬರೆದ. ಅದರ ಮೊದಲ ಭಾಗ ಪೂರ್ತಿ ಬರೀ ಪಟ್ಟಿ. ಯಾವ ಭಾಗದಲ್ಲಿ ಏನಿದೆ, ಯಾವ ಯಾವ ಲೇಖಕರಿಂದ ತೆಗೆದುಕೊಂಡೆ, ಎಲ್ಲ ಅಲ್ಲಿದೆ. ಮುನ್ನುಡಿಯಲ್ಲಿ ಒಂದು ದೂರೂ ಇದೆ. ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ, ಇತ್ತೀಚಿನ ಹೆಸರಾಂತ ಲೇಖಕರೇ ಹಳಬರನ್ನು ಪದಕ್ಕೆ ಪದ ನಕಲು ಮಾಡಿದ್ದಾರೆ, ಹೆಸರು ಮಾತ್ರ ಹೇಳಿಲ್ಲ ಎಂದು. ಸುಮಾರು ಎರಡು ಸಾವಿರ ವರ್ಷದ ಹಿಂದಿನ ಗೊಣಗಾಟ ಇದು. ಇವತ್ತಿನ ಯಾವುದೇ ಪಿಎಚ್‌ಡಿ ಗೈಡ್ ಬಾಯಲ್ಲಿ ಇಟ್ಟರೂ ಒಪ್ಪುತ್ತದೆ.

ಪ್ರವಾದಿಯ ಮಾತುಗಳನ್ನು ಸಂಗ್ರಹಿಸಿದ ಹದೀಸ್ ವಿದ್ವಾಂಸರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಪ್ರತಿ ಮಾತಿನ ಹಿಂದೆ ಒಂದು ಸರಪಳಿ. ನನಗೆ ಹೇಳಿದವರು ಇವರು, ಇವರಿಗೆ ಅವರು, ಅವರಿಗೆ ಮತ್ತೊಬ್ಬರು. ಅಷ್ಟಕ್ಕೇ ಬಿಡಲಿಲ್ಲ. ಆ ಒಬ್ಬೊಬ್ಬರ ನೆನಪು ಹೇಗಿತ್ತು, ನಂಬಿಗಸ್ತರಾ, ಒಬ್ಬರನ್ನೊಬ್ಬರು ಭೇಟಿಯಾಗುವುದು ಸಾಧ್ಯವಿತ್ತಾ ಎಂದು ತಿಳಿಸುವ ಚರಿತ್ರಕೋಶಗಳನ್ನೇ ಬರೆದರು. ಸರಪಳಿಯ ಒಂದು ಕೊಂಡಿ ಸಡಿಲವಾದರೆ ಮಾತಿನ ತೂಕ ಇಳಿಯುತ್ತಿತ್ತು. ಇಂಗ್ಲೆಂಡಿನ ಬೀಡ್ ಎಂಬ ಸನ್ಯಾಸಿ ಎಂಟನೇ ಶತಮಾನದ ಮೊದಲಲ್ಲಿ ತನ್ನ ಬೈಬಲ್ ವ್ಯಾಖ್ಯಾನದ ಅಂಚಿನಲ್ಲಿ ಅಗಸ್ಟೀನ್, ಜೆರೋಮ್, ಆಂಬ್ರೋಸ್, ಗ್ರೆಗರಿ ಎಂಬ ಹಿಂದಿನ ಕ್ರೈಸ್ತ ಗುರುಗಳ ಹೆಸರಿನ ಅಕ್ಷರಗಳನ್ನು ಗುರುತಾಗಿ ಹಾಕಿದ. ದೇವರಾಣೆ, ನಕಲು ಮಾಡುವವರು ಇದನ್ನು ಬಿಡಬೇಡಿ ಎಂದು ಬೇಡಿಕೊಂಡ. ಎಲ್ಲರೂ ಆ ಮಾತು ನಡೆಸಲಿಲ್ಲ.

ಕೈಬರಹದ ಕಾಲದಲ್ಲಿ ಒಂದು ದೊಡ್ಡ ತೊಡಕಿತ್ತು. ಪುಟಸಂಖ್ಯೆ ಹೇಳಿ ಪ್ರಯೋಜನವಿಲ್ಲ. ನನ್ನ ಪ್ರತಿಯ ಇಪ್ಪತ್ತನೇ ಪುಟ ನಿಮ್ಮ ಪ್ರತಿಯಲ್ಲಿ ಮೂವತ್ತೋ ಹದಿನೈದೋ. ಅಚ್ಚಿನ ಯಂತ್ರ ಬಂದ ಮೇಲೆ ಒಂದೇ ಮುದ್ರಣದ ಎಲ್ಲ ಪ್ರತಿಗಳೂ ಒಂದೇ ಥರ ಆದವು. ಆಗಲೇ ‘ಇಂಥ ಪುಟ’ ಎಂಬ ಮಾತಿಗೆ ಬೆಲೆ ಬಂದಿದ್ದು. 1578ರಲ್ಲಿ ಹೆನ್ರಿ ಎಸ್ತಿಯನ್ ಎಂಬ ಮುದ್ರಕ ಪ್ಲೇಟೋನ ಕೃತಿಗಳನ್ನು ಅಚ್ಚು ಹಾಕಿದ. ಪುಟಕ್ಕೆ ಸಂಖ್ಯೆ, ಪುಟದೊಳಗಿನ ಭಾಗಗಳಿಗೆ ಅಕ್ಷರ. ಇವತ್ತಿಗೂ ಪ್ಲೇಟೋನ ಗುಹೆಯ ದೃಷ್ಟಾಂತ ಎಲ್ಲಿ ಅಂದರೆ ‘ರಿಪಬ್ಲಿಕ್ 514ಎ’ ಎನ್ನುತ್ತಾರೆ. ಯಾವ ಭಾಷೆಯ ಅನುವಾದ ಹಿಡಿದರೂ ಅಂಚಿನಲ್ಲಿ ಆ ಅಂಕಿ ಇದ್ದರೆ ಸಾಕು, ಜಾಗ ಸಿಗುತ್ತದೆ. ಒಂದು ವಿಳಾಸ 400 ವರ್ಷಕ್ಕೂ ಮೀರಿ ಬದಲಾಗದೆ ಉಳಿದಿದೆ. ನನಗೆ ಈ ಇಡೀ ಕತೆಯಲ್ಲಿ ಜಾಸ್ತಿ ಇಷ್ಟವಾಗುವ ಸಂಗತಿ ಇದೇ.

ಅಡಿಟಿಪ್ಪಣಿಗೆ ಹಲ್ಲು ಬಂದಿದ್ದು ಪಿಯೆರ್ ಬೇಲ್ ಎಂಬ ಫ್ರೆಂಚ್ ಚಿಂತಕನಿಂದ. ಹಿಂದಿನ ಕೋಶಗಳಲ್ಲಿ ಸಿಕ್ಕಿದ ತಪ್ಪುಗಳನ್ನು ನೋಡಿ ರೋಸಿಹೋದ ಈತ ಮೊದಲು ಯೋಚಿಸಿದ್ದು ತಪ್ಪುಗಳದೇ ಒಂದು ಕೋಶ ಮಾಡಬೇಕೆಂದು. ಕೊನೆಗೆ 1697ರ ಮುದ್ರೆ ಹೊತ್ತು ಬಂದ ಅವನ ಕೋಶದಲ್ಲಿ ಪುಟದ ಮೇಲೆ ನಾಲ್ಕು ಸಾಲು ಮೂಲಪಠ್ಯ, ಕೆಳಗೆ ಪುಟ ತುಂಬ ಟಿಪ್ಪಣಿ. ಮೇಲೆ ಹೇಳಿದ್ದಕ್ಕೆ ಕೆಳಗೆ ಸಾಕ್ಷಿ, ತಕರಾರು, ತಕರಾರಿಗೆ ಉತ್ತರ.

1776ರಲ್ಲಿ ಎಡ್ವರ್ಡ್ ಗಿಬ್ಬನ್ ರೋಮ್ ಸಾಮ್ರಾಜ್ಯದ ಅವನತಿಯ ಚರಿತ್ರೆಯ ಮೊದಲ ಸಂಪುಟ ತಂದಾಗ ಟಿಪ್ಪಣಿಗಳು ಪುಸ್ತಕದ ಕೊನೆಯಲ್ಲಿದ್ದವು. ತತ್ವಜ್ಞಾನಿ ಡೇವಿಡ್ ಹ್ಯೂಮ್ ಓದಿ ಪ್ರಕಾಶಕನಿಗೆ ಪತ್ರ ಬರೆದ. ಪ್ರತಿ ಸಲ ಹಿಂದಕ್ಕೆ ಪುಟ ತಿರುವಬೇಕು, ತಿರುವಿದರೆ ಅಲ್ಲಿ ಬರೀ ಒಂದು ಗ್ರಂಥದ ಹೆಸರು, ದಯವಿಟ್ಟು ಇವನ್ನು ಪುಟದ ಬುಡಕ್ಕೆ ತನ್ನಿ ಎಂದು. ಮುಂದಿನ ಮುದ್ರಣಗಳಲ್ಲಿ ಹಾಗೇ ಆಯಿತು. ಓದುಗ ಕಿರಿಕಿರಿಯಾಗಿ ಕೇಳಿದ್ದಕ್ಕೆ ಸಿಕ್ಕ ಸೌಲಭ್ಯ ಅದು. 1778ರಲ್ಲಿ ಹೆನ್ರಿ ಡೇವಿಸ್ ಎಂಬ ಯುವಕ ಆ ಟಿಪ್ಪಣಿಗಳನ್ನೇ ಹಿಡಿದು ಹೊರಟ. ಗಿಬ್ಬನ್ ಮೂಲಗಳನ್ನು ತಿರುಚಿದ್ದಾನೆ, ಕದ್ದಿದ್ದಾನೆ ಎಂದು ಒಂದು ಪುಸ್ತಕವನ್ನೇ ಬರೆದ. ಕ್ರೈಸ್ತಮತದ ಬಗ್ಗೆ ತಾನು ಬರೆದದ್ದಕ್ಕೆ ಬಂದ ಟೀಕೆಗಳಿಗೆ ಸುಮ್ಮನಿದ್ದ ಗಿಬ್ಬನ್ ಇದಕ್ಕೆ ಮಾತ್ರ ಸುಮ್ಮನಿರಲಿಲ್ಲ. ಮರುವರ್ಷವೇ ಒಂದೊಂದು ಆರೋಪಕ್ಕೂ ಉತ್ತರ ಕೊಟ್ಟು ಅಚ್ಚು ಹಾಕಿಸಿದ. ಗಮನಿಸಿ, ಟಿಪ್ಪಣಿ ಇದ್ದಿದ್ದಕ್ಕೇ ಡೇವಿಸ್‌ಗೆ ದಾಳಿ ಮಾಡಲು ಸಾಧ್ಯವಾಗಿದ್ದು. ಗಿಬ್ಬನ್‌ಗೆ ಎದ್ದು ನಿಲ್ಲಲು ಸಾಧ್ಯವಾಗಿದ್ದೂ ಅದರಿಂದಲೇ.

ನಾವಿಂದು ಆವರಣದಲ್ಲಿ ಹೆಸರು, ವರ್ಷ ಹಾಕುತ್ತೇವಲ್ಲ, ಅದರ ಮೂಲ ಹುಡುಕಿದರೆ ಒಂದು ಗೊಂಡೆಹುಳು ಸಿಗುತ್ತದೆ. ಶಂಖವಿಲ್ಲದ, ಲೋಳೆ ಬಿಡುತ್ತಾ ಹೋಗುವ ಆ ಹುಳು. 1881ರಲ್ಲಿ ಹಾರ್ವರ್ಡ್‌ನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಮಾರ್ಕ್ ಅದರ ಮೊಟ್ಟೆಯ ಬೆಳವಣಿಗೆ ಬಗ್ಗೆ ಬರೆದ ಪ್ರಬಂಧದಲ್ಲಿ ಈ ಪದ್ಧತಿ ಬಳಸಿದ. ಹಾರ್ವರ್ಡ್ ಪದ್ಧತಿ ಎಂಬ ಹೆಸರು ಅಲ್ಲಿಂದ ಬಂತು. ಆಮೇಲೆ ಒಂದೊಂದು ಶಾಸ್ತ್ರಕ್ಕೂ ಒಂದೊಂದು ಪದ್ಧತಿ. ಮನಶ್ಶಾಸ್ತ್ರದವರ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ನಿಯಮ 1929ರಲ್ಲಿ ಏಳು ಪುಟದ ಲೇಖನವಾಗಿ ಶುರುವಾಯಿತು. ಸಾಹಿತ್ಯದವರ ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ನಿಯಮ 1951ರಲ್ಲಿ. ವೈದ್ಯಕೀಯ ಸಂಪಾದಕರು 1978ರಲ್ಲಿ ವ್ಯಾಂಕೂವರ್‌ನಲ್ಲಿ ಸೇರಿ ತಮ್ಮದನ್ನು ಮಾಡಿಕೊಂಡರು. ಅಲ್ಪವಿರಾಮ ಎಲ್ಲಿ, ಇಸವಿ ಎಲ್ಲಿ ಎಂಬ ಚರ್ಚೆಗೆ ವಿದ್ಯಾರ್ಥಿಗಳ ಎಷ್ಟು ರಾತ್ರಿ ಹಾಳಾಗಿದೆಯೋ. ಒಂದೇ ಪದ್ಧತಿ ಹಿಡಿದು ಕೊನೆವರೆಗೂ ಹೋದರೆ ಸಾಕು. ಅದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುವ ವಿಷಯ ಅದಲ್ಲ.

ತಲೆ ಕೆಡಿಸಿಕೊಳ್ಳಬೇಕಾದ್ದು ಬೇರೆ ಇದೆ. 1955ರಲ್ಲಿ ಯೂಜೀನ್ ಗಾರ್ಫೀಲ್ಡ್ ಎಂಬಾತ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಯೋಜನೆ ಮುಂದಿಟ್ಟ. ವಕೀಲರ ಬಳಿ 1873ರಿಂದಲೂ ಒಂದು ಸೂಚಿ ಇತ್ತು. ಹಳೆಯ ತೀರ್ಪನ್ನು ಆಮೇಲೆ ಯಾರು ಎತ್ತಿಹಿಡಿದರು, ಯಾರು ತಳ್ಳಿಹಾಕಿದರು ಎಂದು ಅದರಿಂದ ಗೊತ್ತಾಗುತ್ತಿತ್ತು. ವಿಜ್ಞಾನಕ್ಕೂ ಅಂಥದ್ದು ಬೇಕು, ಆಗ ತಪ್ಪೆಂದು ಗೊತ್ತಾದ ಲೇಖನವನ್ನು ಕಣ್ಣುಮುಚ್ಚಿ ಉಲ್ಲೇಖಿಸುವುದು ತಪ್ಪುತ್ತದೆ ಎಂಬುದು ಅವನ ವಾದ. 1964ರಲ್ಲಿ ಆ ಸೂಚಿ ಬಂತು. ಬಂದ ಮೇಲೆ ಜನ ಅದನ್ನು ಬಳಸಿದ್ದು ಜಾಸ್ತಿ ಎಣಿಸುವುದಕ್ಕೆ. ಯಾರಿಗೆ ಎಷ್ಟು ಉಲ್ಲೇಖ, ಯಾವ ಪತ್ರಿಕೆಗೆ ಎಷ್ಟು ಅಂಕ, ಅದನ್ನು ನೋಡಿ ಕೆಲಸ, ಬಡ್ತಿ. ವಿಳಾಸ ಎನ್ನುವುದು ಓಟಿನ ಚೀಟಿಯಾಯಿತು. ಓಟು ಹಾಕಲು ಮನೆ ತನಕ ಹೋಗಬೇಕಾಗಿಲ್ಲವಲ್ಲ.

ಹೋಗುತ್ತಿಲ್ಲ ಎಂಬುದಕ್ಕೆ ಮಜವಾದ ಪುರಾವೆ ಸಿಕ್ಕಿದ್ದು ಮುದ್ರಣದೋಷಗಳಿಂದ. 1973ರ ಒಂದು ಪ್ರಸಿದ್ಧ ಭೌತಶಾಸ್ತ್ರ ಲೇಖನವನ್ನು ಸುಮಾರು 4,300 ಕಡೆ ಉಲ್ಲೇಖಿಸಿದ್ದರು. ಅದರಲ್ಲಿ 196 ಕಡೆ ಸಂಪುಟ, ಪುಟ ಇತ್ಯಾದಿ ತಪ್ಪಾಗಿತ್ತು. ವಿಚಿತ್ರ ಏನೆಂದರೆ, 78 ಕಡೆ ಅದೇ ಪುಟಸಂಖ್ಯೆ ಅದೇ ರೀತಿ ತಪ್ಪು. ಪರೀಕ್ಷೆಯಲ್ಲಿ ಪಕ್ಕಪಕ್ಕ ಕೂತವರ ಉತ್ತರದಲ್ಲಿ ಒಂದೇ ತಪ್ಪು ಬಂದ ಹಾಗೆ. ಇಬ್ಬರು ಸಂಶೋಧಕರು ಇದನ್ನೇ ಹಿಡಿದು 2003ರಲ್ಲಿ ಲೆಕ್ಕ ಹಾಕಿದರು. ಉಲ್ಲೇಖಿಸುವ ಐದು ಜನರಲ್ಲಿ ಮೂಲ ಓದಿದವರು ಸುಮಾರು ಒಬ್ಬರು ಎಂಬುದು ಅವರ ಅಂದಾಜು. ನಾನೂ ಇನ್ನೊಬ್ಬರ ಪಟ್ಟಿಯಿಂದ ಸಾಲು ಎತ್ತಿಕೊಂಡಿದ್ದೇನೆ, ಸುಳ್ಳು ಹೇಳಲ್ಲ. ಮೂಲ ಸಿಗದಿದ್ದರೆ ‘ಇಂಥವರು ಉಲ್ಲೇಖಿಸಿರುವಂತೆ’ ಎಂದು ಎರಡು ಪದ ಸೇರಿಸಿದರೆ ಮುಗಿಯಿತು. ಆದರೆ ಹಾಗೆ ಬರೆದರೆ ಓದಿಲ್ಲ ಅಂತ ಗೊತ್ತಾಗುತ್ತದಲ್ಲ, ಆ ಸಂಕೋಚ.

ಈ ಸಂಕೋಚ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಕ್ಕೆ ಪಾಲಕ್ ಸೊಪ್ಪಿನ ಕತೆ ಇದೆ. ಪಾಲಕ್‌ನಲ್ಲಿ ವಿಪರೀತ ಕಬ್ಬಿಣ ಇದೆ ಎಂಬ ನಂಬಿಕೆ ಹುಟ್ಟಿದ್ದು ದಶಮಾಂಶ ಚುಕ್ಕಿ ತಪ್ಪು ಜಾಗಕ್ಕೆ ಬಿದ್ದಿದ್ದರಿಂದ, ಪಾಲಕ್ ತಿಂದು ಬಲ ಪಡೆಯುವ ನಾವಿಕ ಪಾಪಾಯ್‌ನ ಕಾರ್ಟೂನ್ ಅದನ್ನು ಹಬ್ಬಿಸಿತು ಎಂದು ನೀವೂ ಕೇಳಿರಬಹುದು. ವಿಜ್ಞಾನಿಗಳು ಎಷ್ಟು ಬೇಜವಾಬ್ದಾರಿ ನೋಡಿ ಎಂದು ತೋರಿಸಲು ಈ ಕತೆ ಹೇಳುತ್ತಾರೆ. 1981ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಹಗುರ ಧಾಟಿಯ ಲೇಖನ ಇದಕ್ಕೆ ದೊಡ್ಡ ಆಧಾರ. ಆ ಲೇಖನದಲ್ಲಿ ಈ ಮಾತಿಗೆ ಯಾವ ಆಕರವೂ ಇರಲಿಲ್ಲ. 2010ರಲ್ಲಿ ಮೈಕ್ ಸಟನ್ ಎಂಬ ಸಂಶೋಧಕ ಬೆನ್ನು ಹತ್ತಿದಾಗ ಚುಕ್ಕಿಯ ತಪ್ಪಿಗೆ ಪುರಾವೆ ಸಿಗಲಿಲ್ಲ. ಸಿಕ್ಕಿದ್ದು 1932ರ ಒಂದು ಕಾರ್ಟೂನ್. ಅದರಲ್ಲಿ ಪಾಪಾಯ್ ತಾನು ಪಾಲಕ್ ತಿನ್ನುವುದು ಎ ಜೀವಸತ್ವಕ್ಕಾಗಿ ಎನ್ನುತ್ತಾನೆ. ಅಂದರೆ ಬೇಜವಾಬ್ದಾರಿಯನ್ನು ಹಂಗಿಸುವ ಕತೆಯೇ ಯಾರೂ ಪರೀಕ್ಷಿಸದೆ ಹಬ್ಬಿದ ಕತೆ.

ಇಲ್ಲದ ಲೇಖನಕ್ಕೂ ಉಲ್ಲೇಖ ಸಿಗುತ್ತದೆ. ಒಂದು ಪ್ರಕಾಶನ ಸಂಸ್ಥೆ ಲೇಖಕರಿಗೆ ಮಾದರಿ ತೋರಿಸಲು ‘ವೈಜ್ಞಾನಿಕ ಲೇಖನ ಬರೆಯುವ ಕಲೆ’ ಎಂಬ ಅರ್ಥದ ಸುಳ್ಳು ಶೀರ್ಷಿಕೆ, ಹೆಸರು, ಪುಟಸಂಖ್ಯೆ ಕೊಟ್ಟಿತ್ತು. ಅದಕ್ಕೆ 400ರ ಹತ್ತಿರ ಉಲ್ಲೇಖ ಬಂದಿರುವುದು 2017ರಲ್ಲಿ ಬಯಲಾಯಿತು. ಬಹುಪಾಲು ಮಾದರಿಯ ಸಾಲು ಅಳಿಸಲು ಮರೆತವರ ಕೈಗುಣ.

ಇದ್ದ ವಿಳಾಸವೂ ಉಳಿಯುತ್ತದೆ ಎನ್ನುವ ಹಾಗಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪುಗಳಲ್ಲಿರುವ ಇಂಟರ್ನೆಟ್ ಕೊಂಡಿಗಳನ್ನು ಹಾರ್ವರ್ಡ್‌ನವರು ಒತ್ತಿ ನೋಡಿದಾಗ ಅರ್ಧದಷ್ಟು ಕಡೆ ಮೂಲದಲ್ಲಿದ್ದ ಮಾಹಿತಿ ಸಿಗಲಿಲ್ಲ. ಲೇಖನಕ್ಕೆ ಜನ್ಮದಿಂದಲೇ ಒಂದು ಶಾಶ್ವತ ಸಂಖ್ಯೆ ಕೊಡುವ ಡಿಒಐ ಬಂದಿದ್ದು, ಅಂತರ್ಜಾಲ ಪುಟದ ಪ್ರತಿಯನ್ನು ತೆಗೆದಿಟ್ಟು ಅದರ ಕೊಂಡಿ ಕೊಡುವ ರೂಢಿ ಶುರುವಾಗಿದ್ದು ಈ ತೊಂದರೆಗೇ.

2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯಕ್ಕೆ ಒಂದು ವಾದಪತ್ರ ಬಂತು. ವಿಮಾನ ಪ್ರಯಾಣದಲ್ಲಿ ಗಾಯಗೊಂಡವರೊಬ್ಬರ ಕೇಸು. ಹಳೆಯ ತೀರ್ಪುಗಳ ಹೆಸರು, ಸಂಪುಟ, ಪುಟ ಎಲ್ಲ ಅಚ್ಚುಕಟ್ಟು. ಚಾಟ್‌ಜಿಪಿಟಿ ಕೊಟ್ಟಿದ್ದು. ವಕೀಲರಿಗೆ ನಡುವೆ ಅನುಮಾನ ಬಂದಿತ್ತು. ಆಗ ಅವರು ಇದು ನಿಜವಾದ ತೀರ್ಪೇನಾ ಎಂದು ಕೇಳಿದ್ದು ಮತ್ತೆ ಅದೇ ಚಾಟ್‌ಜಿಪಿಟಿಯನ್ನು. ಹೌದು ಎಂದಿತು. ಎದುರು ಪಕ್ಷದ ವಕೀಲರು ಮಾತ್ರ ಆ ಸಂಪುಟ ಹಿಡಿದು ಹುಡುಕಲು ಹೋದರು. ಆ ತೀರ್ಪುಗಳು ಎಲ್ಲೂ ಇರಲಿಲ್ಲ.